ಬಣವೆಯಾಚೆಯ ಉಪಗ್ರಹ

ಕೊಯ್ಲು ಮುಗಿದು ಹನ್ನೆರಡು ದಿನವಾಗಿತ್ತು. ಹೊಲದಲ್ಲಿ ಕೂಳೆ ಮಾತ್ರ ಉಳಿದು, ನಡೆದರೆ ಪಾದದಡಿ ಚರಚರ ಎನ್ನುತ್ತಿತ್ತು. ಬೆಳಗಿನ ಬಿಸಿಲಿಗೆ ಹುಲ್ಲಿನ ವಾಸನೆ ಎದ್ದು ಉಪಗ್ರಹ ಕೇಂದ್ರದ ಕಿಟಕಿಯೊಳಗೂ ನುಗ್ಗಿತ್ತು. ಬೇಲಿಯಾಚೆ ಬಣವೆಯ ನೆತ್ತಿಯ ಮೇಲೆ ಅಜ್ಜಿ ಮಂಡಿಯೂರಿ ಕೂತು ಕೊನೆಯ ಕಂತೆಗಳನ್ನು ಹರಡಿ ತಲೆ ಮುಚ್ಚುತ್ತಿದ್ದಳು. ಕೆಳಗಿನಿಂದ ಮಗ ಕವೆಗೋಲಿನಲ್ಲಿ ಕಂತೆ ಎತ್ತಿ ಕೊಡುತ್ತಿದ್ದ. ಬೇಲಿಯ ಈಚೆ, ಆಕಾಶಕ್ಕೆ ಬಾಯ್ದೆರೆದು ನಿಂತ ದೊಡ್ಡ ತಟ್ಟೆಯ ಬುಡದಲ್ಲಿ ಮೆಕ್ಯಾನಿಕ್ ಹಲ್ಲುಚಕ್ರಗಳಿಗೆ ಗ್ರೀಸ್ ಬಳಿಯುತ್ತಿದ್ದ. ಆ ತಟ್ಟೆಯನ್ನು ಅಜ್ಜಿ ಬೋಗುಣಿ ಎನ್ನುತ್ತಿದ್ದಳು. ಈಗೀಗ ಕೇಂದ್ರದವರ ಬಾಯಲ್ಲೂ ಅದೇ ಹೆಸರು.

ಒಳಗೆ ಆಪರೇಟರಮ್ಮ ಒಬ್ಬಳೇ. ಮುಖ್ಯಸ್ಥರು ಮಗಳ ಮದುವೆಗೆಂದು ರಜೆ ಹಾಕಿದ್ದರಿಂದ ನಾಲ್ಕು ದಿನ ಕೇಂದ್ರ ಅವಳದೇ ಹೊಣೆ. ಒಂಬತ್ತು ವರ್ಷದ ಹಿಂದೆ, ಅವಳು ಕೆಲಸಕ್ಕೆ ಸೇರಿದ ವಾರವೇ ಮೇಲೇರಿದ ಉಪಗ್ರಹವೊಂದಿತ್ತು. ನೆಲದ ತೇವ ಅಳೆಯುವುದು ಅದರ ಕೆಲಸ. ಅದರ ಮೊದಲ ದನಿ ಹಿಡಿದವಳು ಇವಳೇ. ಅದನ್ನು ಅವಳು 'ಹಿರಿಯವಳು' ಎಂದು ಕರೆಯುತ್ತಿದ್ದಳು. ಮನೆಯಲ್ಲಿ ಗಂಡ, "ಹಿರಿಯವಳು ಊಟ ಮಾಡಿದಳಾ?" ಎಂದು ಕೆಣಕುವುದಿತ್ತು.

ಹನ್ನೊಂದು ಗಂಟೆಗೆ ಮುಖ್ಯ ಕೇಂದ್ರದಿಂದ ಎಚ್ಚರಿಕೆ ಬಂತು. ಇಪ್ಪತ್ತು ವರ್ಷದ ಹಿಂದೆ ಆಕಾಶದಲ್ಲೇ ಸಿಡಿದ ರಾಕೆಟ್ಟೊಂದರ ಅಂಗೈಯಗಲದ ತುಂಡು, ಸಂಜೆ ಐದು ನಲವತ್ತಕ್ಕೆ ಹಿರಿಯವಳ ದಾರಿಗೆ ಅಡ್ಡ ಬರಲಿದೆ. ಹತ್ತು ಸಾವಿರದಲ್ಲಿ ಒಂದು ಪಾಲು ಅಪಾಯವಿದ್ದರೂ ದಾರಿ ಬಿಡಬೇಕೆಂಬುದು ನಿಯಮ. ಒಂದು ಗಂಟೆಯ ಹೊತ್ತಿಗೆ ಲೆಕ್ಕ ಮತ್ತೆ ಬಂತು: ತೊಂಬತ್ತರಲ್ಲಿ ಒಂದು.

ಆಪರೇಟರಮ್ಮ ಕೂಡಲೇ ಲೆಕ್ಕಕ್ಕೆ ಕೂತಳು. ಹಿರಿಯವಳ ಹೊಟ್ಟೆಯಲ್ಲಿ ಇನ್ನೂ ಒಂದಿಷ್ಟು ಇಂಧನವಿತ್ತು. ಮುಂದಕ್ಕೆ ಸೆಕೆಂಡಿಗೊಂದು ಗೇಣಿನಷ್ಟು ವೇಗ ಕೂಡಿಸಿದರೆ ಸಾಕು, ಅರ್ಧ ಸುತ್ತು ಕಳೆಯುವುದರೊಳಗೆ ಅದು ಮುಕ್ಕಾಲು ಕಿಲೋಮೀಟರ್ ಮೇಲಕ್ಕೇರಿರುತ್ತದೆ. ತುಂಡು ಕೆಳಗಿನಿಂದ ಹಾದುಹೋಗುತ್ತದೆ. ಆದರೆ ಆ ಆಜ್ಞೆಯನ್ನು ಹಿರಿಯವಳ ಕಿವಿಗೆ ಮುಟ್ಟಿಸುವವರು ಯಾರು? ಅದು ತೊಂಬತ್ತಾರು ನಿಮಿಷಕ್ಕೊಂದು ಸುತ್ತು ಹಾಕುತ್ತದೆ. ಕೆಳಗೆ ಭೂಮಿಯೂ ತಿರುಗುವುದರಿಂದ ಪ್ರತಿ ಸುತ್ತಿಗೂ ಬೇರೆ ಬೇರೆ ಸೀಮೆಯ ಮೇಲೆ ಹಾಯುತ್ತದೆ. ಮುಖ್ಯ ಕೇಂದ್ರದ ಮೇಲೆ ಬರುವುದು ಆರು ಗಂಟೆಗೆ, ಎಲ್ಲ ಮುಗಿದ ಮೇಲೆ. ಅದಕ್ಕೆ ಮೊದಲು ಕಣ್ಣಿಗೆ ಬೀಳುವುದು ಇಲ್ಲಿ ಮಾತ್ರ. ನಾಲ್ಕು ಹನ್ನೆರಡಕ್ಕೆ, ಪಡುವಣದ ಅಂಚಿನಲ್ಲಿ, ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ, ತೊಂಬತ್ತೆರಡು ಸೆಕೆಂಡು.

ಪಡುವಣ ಎಂದೊಡನೆ ಅವಳು ಕಿಟಕಿಯತ್ತ ತಿರುಗಿದಳು. ಕಣಿವೆ ಕಾಣಲಿಲ್ಲ. ಬಣವೆ ಕಂಡಿತು. ಮೂರಾಳೆತ್ತರದ, ದುಂಡನೆಯ, ಬಂಗಾರದ ಬಣ್ಣದ ಬಣವೆ.

ಹಿಂದಿನ ಸಂಜೆ ಅವಳೇ ಸೆರಗು ಸಿಕ್ಕಿಸಿ ಹದಿನೈದು ಕಂತೆ ಎತ್ತಿಕೊಟ್ಟು, ಬಣವೆಯ ಮುಂದೆ ನಿಂತು ಫೋಟೋ ಹೊಡೆಸಿಕೊಂಡಿದ್ದಳು!

"ಕಂಬ ಎಲ್ಲಿ?" ಎನ್ನುತ್ತ ಹೊರಗೆ ಓಡಿಬಂದಳು. "ನೀವು ಎರಡು ವರ್ಷದ ಹಿಂದೆ ಅಲ್ಲೊಂದು ಕಂಬ ನೆಟ್ಟಿದ್ರಲ್ಲ, ತುದಿಗೆ ಕೆಂಪು ಬಣ್ಣ ಬಳಿದು? ಅದಕ್ಕಿಂತ ಎತ್ತರ ಏನೂ ಇಡಬಾರದು ಅಂತ ಹೇಳಿದ್ರಲ್ಲ?"

ಮೆಕ್ಯಾನಿಕ್ ಗ್ರೀಸಿನ ಕೈಯಲ್ಲೇ ತಲೆ ಕೆರೆದುಕೊಂಡ. ಬೇಲಿಯಾಚೆ ನೋಡಿದ. ಬಣವೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಅಯ್ಯೋ ರಾಮಾ," ಅಂದ. "ಕಂಬ ಅದರ ಹೊಟ್ಟೇಲಿದೆ."

ಅಜ್ಜಿ ಆಗಷ್ಟೇ ಏಣಿ ಇಳಿದು ನೀರು ಕುಡಿಯುತ್ತಿದ್ದಳು. ಕಂಬದ ಮಾತೆತ್ತಿದಾಗ ಅವಳಿಗೆ ಖುಷಿಯೇ ಆಯಿತು.

"ಒಳ್ಳೇ ಕಂಬ ಕಣಮ್ಮಾ. ಹಳೇ ಜಾಗದಲ್ಲಿ ಈ ಸಲ ನೀರು ನಿಂತುಬಿಡ್ತು. ಎಲ್ಲಿ ಕಟ್ಟಲಿ ಅಂತ ನೋಡ್ತಿದ್ದೆ, ನಡುಗಂಬ ತಯಾರಾಗೇ ನಿಂತಿತ್ತು. ಅದರ ಸುತ್ತಾನೇ ಕಟ್ಟಿದೆ."

"ಅದನ್ನ ಮುಟ್ಟಬಾರದು ಅಂತ ನಿನ್ನ ಮಗನಿಗೆ ಹೇಳಿದ್ದೆನಲ್ಲ ಅಜ್ಜಿ!" ಎಂದ ಮೆಕ್ಯಾನಿಕ್.

"ಕೀಳಬಾರದು ಅಂತ ಹೇಳಿದ್ದ. ಕಿತ್ತಿದ್ದೀನಾ? ಯಾರೂ ಕೀಳದ ಕಂಬ ಬಣವೆಗೆ ಸಿಕ್ಕೋದೇ ಪುಣ್ಯ."

ಮಗ ಮಾತ್ರ ಕವೆಗೋಲಿನ ತುದಿಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದ. ಎತ್ತರದ ಮಾತನ್ನು ಅವನು ಕೇಳಿದ್ದ. ಮನೆ ಮುಟ್ಟುವಷ್ಟರಲ್ಲಿ ಅರ್ಧ ಮರೆತಿದ್ದ.

"ಅಜ್ಜಿ, ಬಣವೆ ಬಿಚ್ಚಬೇಕು," ಎಂದಳು ಆಪರೇಟರಮ್ಮ. "ಈಗಲೇ. ನಾಲ್ಕು ಗಂಟೆಯೊಳಗೆ ಕಂಬದ ಕೆಂಪು ಕಾಣಿಸಬೇಕು."

ಅಜ್ಜಿ ಚೊಂಬು ಕೆಳಗಿಟ್ಟಳು. "ಒಂಬತ್ತು ದಿನದ ಕೆಲಸ. ಆ ಮೂಲೇಲಿ ಮೋಡ ನೋಡಿದೆಯಾ? ಬಿಚ್ಚಿ ಹರಡಿದ ಮೇಲೆ ಒಂದು ಮಳೆ ಬಿದ್ರೆ ಹುಲ್ಲು ಕೊಳೆಯುತ್ತೆ. ಆರು ಬಾಯಿ ಇದೆ ಕೊಟ್ಟಿಗೇಲಿ. ಅವು ನಿನ್ನ ಆಫೀಸಿಗೆ ಬಂದು ಕೇಳ್ತಾವಾ?"

"ಇಲ್ಲಾಂದ್ರೆ ನಮ್ಮ ಹಿರಿಯವಳು ಹೋಗ್ತಾಳೆ, ಅಜ್ಜಿ."

"ಮೇಲಿರೋ ಡಬ್ಬಿ ತಾನೆ? ಇವತ್ತಲ್ಲ ನಾಳೆ ಬೀಳೋದೇ. ಅಷ್ಟಕ್ಕೂ ಇಷ್ಟು ದಿನ ಬೀಳದೆ ಇರೋದು ಹೇಗೆ? ಯಾವುದಕ್ಕೆ ಕಟ್ಟಿದ್ದೀರಿ?"

ಸಮಯ ಒಂದೂ ಮುಕ್ಕಾಲು. ಆಪರೇಟರಮ್ಮ ಒಂದು ಕಂತೆ ಎತ್ತಿ ಎಸೆದಳು. ಅದು ಹತ್ತು ಹೆಜ್ಜೆ ಆಚೆ ಬಿತ್ತು.

"ಇದು ಬಿತ್ತಲ್ವಾ? ಇನ್ನೂ ಜೋರಾಗಿ ಎಸೆದ್ರೆ ಇಪ್ಪತ್ತು ಹೆಜ್ಜೆ. ಭೂಮಿ ಗುಂಡಗಿದೆ ಅಜ್ಜಿ. ಆಮೇಲೆ ಆಮೇಲೆ ನೆಲವೇ ಬಗ್ಗಿ ಕೆಳಗಿಳೀತಾ ಹೋಗುತ್ತೆ. ನಮ್ಮದನ್ನ ಒಂದು ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡೋ ಹಾಗೆ ಎಸೆದಿದ್ದೀವಿ. ಅದು ಎಷ್ಟು ಬೀಳುತ್ತೋ ನೆಲ ಅಷ್ಟೇ ಬಗ್ಗುತ್ತೆ. ಬೀಳ್ತಾನೇ ಇದೆ, ನೆಲ ಸಿಗ್ತಿಲ್ಲ. ಅದೇ ಸುತ್ತೋದು."

ಅಜ್ಜಿ ಕಂತೆಯನ್ನೇ ನೋಡಿದಳು. "ಪಾಪ," ಎಂದಳು. "ಒಂಬತ್ತು ವರ್ಷದಿಂದ ಬೀಳ್ತಾನೇ ಇದೆಯಾ?"

"ಹ್ಞೂಂ. ಆ ಹಾಳು ತುಂಡೂ ಅದೇ ವೇಗದಲ್ಲಿ ಅಡ್ಡ ಬರ್ತಿದೆ. ತಗುಲಿದ್ರೆ ನಮ್ಮದು ಚೂರುಚೂರು. ಒಂದಲ್ಲ, ಸಾವಿರ ಚೂರು. ಅವೂ ಬೀಳಲ್ಲ, ಸುತ್ತುತ್ತಾವೆ. ಒಂದೊಂದೂ ಹೋಗಿ ಇನ್ನೊಂದು ಉಪಗ್ರಹಕ್ಕೆ ಬಡಿಯುತ್ತೆ, ಅದು ಮತ್ತೆ ಸಾವಿರ. ಗುಡಿಸೋಕೆ ಪೊರಕೆ ಇಲ್ಲ ಅಲ್ಲಿ."

ಅಜ್ಜಿಯ ಮುಖ ಬದಲಾಯಿತು. ಅವಳು ಮಗನ ಕಿವಿಯ ಮೇಲಿದ್ದ ಬೀಡಿಯನ್ನು ಕಿತ್ತು ಮಣ್ಣಿಗೆ ತುಳಿದಳು. ಬಣವೆ ಹತ್ತಿರ ಬೀಡಿ ತರಬಾರದೆಂದು ನಲವತ್ತು ವರ್ಷದಿಂದ ಹೇಳುತ್ತ ಬಂದವಳು ಅವಳು.

"ಬಣವೆಗೆ ಕಿಡಿ ಬಿದ್ದ ಹಾಗೆ ಅನ್ನು," ಎಂದಳು. "ಅದನ್ನ ಮೊದಲೇ ಹೇಳಬಾರದಾ? ಎಳೆಗರುವಿನ ಹಾಗೆ ಬೀಳ್ತಾನೇ ಇದೆ ಅಂತ ಕಥೆ ಹೇಳ್ತಾ ನಿಂತೆಯಲ್ಲ!" ಆಮೇಲೆ ಬೆರಳೆತ್ತಿದಳು. "ಆದ್ರೆ ಒಂದು ಮಾತು. ಇದು ಮುಯ್ಯಿ. ಆಳಿಗೆ ಆಳು. ಇವತ್ತು ಎಷ್ಟು ಜನರ ಕೆಲಸಕ್ಕೆ ನಾನು ಬಿಚ್ಚುತ್ತೀನೋ, ಅಷ್ಟೂ ಜನ ನಾಳೆ ಬೆಳಿಗ್ಗೆ ಬಂದು ಕಟ್ಟಿಕೊಡಬೇಕು."

"ಬರ್ತೀವಿ, ಅಜ್ಜಿ."

"ಎಲ್ಲರೂ?"

"ಎಲ್ಲರೂ!"

ಮಗ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯೋಣವೆಂದ. ಅಜ್ಜಿ ಬೈದಳು. ಎಳೆದರೆ ಬಣವೆ ಬೋಗುಣಿಯ ಮೇಲೇ ಮಗುಚೀತು. ಹುಲ್ಲೂ ಸಿಕ್ಕುಗಟ್ಟಿ ಹಾಳು. ಸುತ್ತಿ ಕಟ್ಟಿದ್ದನ್ನು ಸುತ್ತಿಯೇ ಬಿಚ್ಚಬೇಕು. ಎಪ್ಪತ್ತರ ಮುದುಕಿ ಸರಸರ ಏಣಿ ಏರಿ, ಕಟ್ಟುವಾಗ ಬಲಕ್ಕೆ ಸುತ್ತಿದವಳು ಈಗ ಎಡಕ್ಕೆ ಸುತ್ತುತ್ತ, ಪದರ ಪದರವಾಗಿ ಕಂತೆ ಕಿತ್ತು ಎಸೆಯತೊಡಗಿದಳು. ಕೆಳಗೆ ಮೆಕ್ಯಾನಿಕ್, ಕೇಂದ್ರದ ಡ್ರೈವರ್, ಕಾವಲುಗಾರ ಸಾಲಾಗಿ ನಿಂತು ಹಿಡಿದು ದಾಟಿಸಿದರು. ಆಪರೇಟರಮ್ಮ ಒಳಗೂ ಹೊರಗೂ ಓಡಿದಳು. ಒಳಗೆ ಆಜ್ಞೆಯನ್ನು ಬರೆದು, ಎರಡೆರಡು ಸಲ ತಾಳೆ ನೋಡಿದಳು. ಹೊರಗೆ ಬಂದು ಕಂತೆ ಎತ್ತಿದಳು. ಮೈಯೆಲ್ಲ ನವೆ, ಕೂದಲ ತುಂಬ ಹುಲ್ಲು.

ಮೂರು ಗಂಟೆಗೆ ಮುಖ್ಯ ಕೇಂದ್ರದ ಸಾಹೇಬರ ಫೋನು.

"ಏನಮ್ಮ, ಪಶ್ಚಿಮದ ಕಡೆ ಏನೋ ಅಡ್ಡ ಇದೆ ಅಂದ್ರಂತೆ?"

"ಬಣವೆ ಸಾರ್."

"ಬಣವೆ ಅಂದ್ರೆ?"

"ಹುಲ್ಲಿನದು ಸಾರ್. ಬಿಚ್ಚುತ್ತಿದ್ದೀವಿ."

"ವರದಿಯಲ್ಲಿ ನಾನು ಏನಂತ ಬರೀಲಿ?"

"ಬಣವೆ ಅಂತಲೇ ಬರೀರಿ ಸಾರ್," ಎಂದು ಫೋನಿಟ್ಟು ಮತ್ತೆ ಓಡಿದಳು.

ಮೂರೂವರೆಗೆ ಎರಡಾಳೆತ್ತರ ಉಳಿದಿತ್ತು. ಮೋಡ ಅರ್ಧ ಆಕಾಶ ಏರಿತ್ತು. ಗಾಳಿ ಎದ್ದು ಸಡಿಲ ಹುಲ್ಲನ್ನು ಹಾರಿಸತೊಡಗಿದಾಗ ಮೆಕ್ಯಾನಿಕ್ ಉಗ್ರಾಣಕ್ಕೆ ಓಡಿ, ಬೋಗುಣಿಗೆ ಹೊದಿಸುವ ದಪ್ಪ ಬಟ್ಟೆಯನ್ನು ಎಳೆತಂದು ಕಂತೆಗಳ ಮೇಲೆ ಹಾಸಿದ. ಸರ್ಕಾರಿ ಮುದ್ರೆಯಿದ್ದ ಬಟ್ಟೆ. ಅಂಚಿಗೆ ಕಲ್ಲು ಹೇರಿದ.

"ಇನ್ನೆಷ್ಟು?" ಎಂದು ಅಜ್ಜಿ ಮೇಲಿಂದ ಕೂಗಿದಳು.

"ಇಪ್ಪತ್ತೈದು ನಿಮಿಷ!"

"ಗಡಿಯಾರ ಕೇಳಲಿಲ್ಲ ಕಣೇ, ಎಷ್ಟು ಪದರ ಅಂದೆ!"

ಪದರದ ಲೆಕ್ಕ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಈಗ ಬಾಯಿ ಮುಚ್ಚಿ ಕೈ ಬೀಸಿದರು. ಕಾವಲುಗಾರ ಟೋಪಿ ಎಸೆದ. ಡ್ರೈವರ್ ಚಪ್ಪಲಿ ಬಿಟ್ಟ. ಮಗನಂತೂ, ಎರಡು ವರ್ಷದ ಹಿಂದಿನ ಮರೆವಿಗೆ ದಂಡ ತೆರುವವನಂತೆ, ಒಂದೊಂದು ಸಲಕ್ಕೆ ನಾಲ್ಕು ನಾಲ್ಕು ಕಂತೆ ಹೊತ್ತ.

ನಾಲ್ಕು ಗಂಟೆ ಐದು ನಿಮಿಷಕ್ಕೆ ಅಜ್ಜಿಯ ಕೈಗೆ ಗಟ್ಟಿಯಾದದ್ದು ತಗುಲಿತು. ಅವಳು ಹುಲ್ಲು ಬಗೆದಳು.

"ಕೆಂಪು!" ಎಂದು ಕಿರುಚಿದಳು. "ಕೆಂಪು ಕಾಣಿಸ್ತು!"

ಇನ್ನೊಂದು ಸುತ್ತಿಗೆ ಕಂಬದ ತುದಿ ಪೂರ್ತಿ ಹೊರಬಂತು. ಅದರಾಚೆ, ಎರಡು ಗುಡ್ಡಗಳ ನಡುವೆ, ಕಣಿವೆ ತೆರೆದುಕೊಂಡಿತು.

ಆಪರೇಟರಮ್ಮ ಒಳಗೆ ಹಾರಿ ಕುರ್ಚಿಗೆ ಬಿದ್ದಳು. ಬೋಗುಣಿ ಗುರುಗುಟ್ಟುತ್ತ ಕತ್ತು ತಗ್ಗಿಸಿ ಪಡುವಣಕ್ಕೆ ತಿರುಗಿತು. ನಾಲ್ಕು ಹನ್ನೊಂದು. ಕಿಟಕಿಯಿಂದ ನೋಡುತ್ತಾಳೆ, ಅಜ್ಜಿ ಇನ್ನೂ ಉಳಿದ ಹುಲ್ಲಿನ ಮೇಲೆ ಸೊಂಟಕ್ಕೆ ಕೈಯಿಟ್ಟು, ಕಣಿವೆಗೆ ನೇರ ಅಡ್ಡವಾಗಿ ನಿಂತಿದ್ದಾಳೆ!

"ಅಜ್ಜಿ, ಮಲಗಿ! ಮಲಗಿಬಿಡಿ!"

ಅಜ್ಜಿ ಧೊಪ್ಪನೆ ಹುಲ್ಲಿನಲ್ಲಿ ಬೋರಲಾದಳು. ಅವಳನ್ನು ನೋಡಿ ಕೆಳಗಿದ್ದ ನಾಲ್ವರು ಗಂಡಸರೂ ಕಾರಣವಿಲ್ಲದೆ ನೆಲಕ್ಕೆ ಮಲಗಿದರು.

ಪರದೆಯ ಮೇಲೆ ಚಪ್ಪಟೆ ಗೆರೆ. ಇನ್ನೂ ಚಪ್ಪಟೆ. ಆಮೇಲೆ ಅದರ ನಡುವೆ ಒಂದು ಸಣ್ಣ ಮೊಳಕೆ ಎದ್ದಿತು, ಬೆಳೆಯಿತು. ಹಿರಿಯವಳ ದನಿ! ಆಪರೇಟರಮ್ಮ ಆಜ್ಞೆ ಕಳಿಸಿದಳು. ಹತ್ತು ಸೆಕೆಂಡು, ಉತ್ತರವಿಲ್ಲ. ಮತ್ತೆ ಕಳಿಸಿದಳು. ಇಪ್ಪತ್ತು, ಮೂವತ್ತು. ಮೂರನೆಯ ಸಲ ಒತ್ತಿದಳು. ಐವತ್ತೆಂಟನೆಯ ಸೆಕೆಂಡಿಗೆ ಪರದೆಯ ಮೇಲೆ ಒಂದು ಸಾಲು ಮೂಡಿತು: ಆಜ್ಞೆ ತಲುಪಿದೆ. ಅದರ ಹಿಂದೆ ಇನ್ನೊಂದು: ನಾಲ್ಕು ಐವತ್ತೆರಡಕ್ಕೆ ಎಂಜಿನ್ ಉರಿಸಲು ಸಿದ್ಧ. ಗೆರೆ ಮತ್ತೆ ಚಪ್ಪಟೆಯಾಯಿತು. ಹಿರಿಯವಳು ಗುಡ್ಡದ ಮರೆಗೆ ಹೋಗಿದ್ದಳು.

ಹೊರಗೆ ಬಂದು ಏನು ಹೇಳಿದಳೋ ಅವಳಿಗೇ ತಿಳಿಯದು. ಐವರೂ ಹುಲ್ಲಿನಿಂದೆದ್ದು ಕೇಕೆ ಹಾಕಿದರು. ಡ್ರೈವರ್ ಕಾವಲುಗಾರನನ್ನು ಎತ್ತಿ ಒಂದು ಸುತ್ತು ತಿರುಗಿಸಿದ.

ಐದು ನಲವತ್ತಕ್ಕೆ ಎಲ್ಲರೂ ಮುಚ್ಚಿದ ಹುಲ್ಲಿನ ಮೇಲೆ ಸಾಲಾಗಿ ಕೂತಿದ್ದರು. ಕಾಣುವಂಥದ್ದೇನೂ ಇರಲಿಲ್ಲ, ಅದು ನಡೆಯುತ್ತಿದ್ದುದು ದಿಗಂತದಾಚೆ, ದೂರದ ಬೇರೊಂದು ಸೀಮೆಯ ಮೇಲೆ. ನಾಲ್ಕು ಹನಿ ಬಿತ್ತು. ಅಜ್ಜಿ ಆಕಾಶವನ್ನು ಗದರುವಂತೆ ನೋಡಿದಳು. ಐದನೆಯದು ಬೀಳಲಿಲ್ಲ.

ಆರು ಹತ್ತಕ್ಕೆ ಫೋನು ರಿಂಗಣಿಸಿತು. "ಬಂದಳಮ್ಮ ನಿಮ್ಮ ಹಿರಿಯವಳು," ಎಂದರು ಸಾಹೇಬರು. "ಏಳು ನೂರ ನಲವತ್ತು ಮೀಟರ್ ಬಿಟ್ಟು ಹಾದುಹೋಯ್ತು ಆ ತುಂಡು." ಆಮೇಲೆ, "ನಿಮ್ಮ ಬಣವೆ ಏನಾಯ್ತು?" ಎಂದು ಕೇಳಿದರು.

ಮರುದಿನ ಬಿಸಿಲೇರುವ ಮೊದಲೇ ಆಪರೇಟರಮ್ಮ, ಮೆಕ್ಯಾನಿಕ್, ಡ್ರೈವರ್, ಕಾವಲುಗಾರ ನಾಲ್ವರೂ ಬಂದರು. ಕೇಂದ್ರದ ಮೂಡಲಿಗೆ, ಯಾವ ಕಣಿವೆಗೂ ಅಡ್ಡವಾಗದ ಜಾಗ ಹುಡುಕಿ, ಮೆಕ್ಯಾನಿಕ್ ಹಳೆಯ ಕಬ್ಬಿಣದ ಕೊಳವೆಯೊಂದನ್ನು ನಡುಗಂಬವಾಗಿ ಹೂತುಕೊಟ್ಟ. ಅವರು ಕಟ್ಟಿದ ಮೊದಲ ಸುತ್ತು ಎಷ್ಟು ಸೊಟ್ಟಗಿತ್ತೆಂದರೆ, ಅಜ್ಜಿ ಅದನ್ನು ಬಿಚ್ಚಿ ತಾನೇ ಮತ್ತೆ ಹಾಕಿದಳು. ಮೂರು ದಿನ ಅವರು ಕೆಲಸದ ಸರದಿ ಬದಲಿಸಿಕೊಂಡು ಬಂದರು. ಮೂರನೆಯ ದಿನ ತಲೆ ಮುಚ್ಚಿದಾಗ ಅಜ್ಜಿ ಏಣಿಯ ಮೇಲೆ ಕೂತು ಬೆರಳು ಮಡಚಿ ಎಣಿಸಿದಳು.

"ನಾಲ್ಕು ಆಳು ತೀರಿತು. ಇನ್ನೊಬ್ಬಳು ಬಾಕಿ."

"ಯಾರು ಅಜ್ಜಿ?"

"ಯಾರ ಕೆಲಸಕ್ಕೆ ಬಿಚ್ಚಿದ್ದೋ ಅವಳೇ. ಎಲ್ಲರೂ ಬರ್ತೀವಿ ಅಂದಿದ್ದೆ ತಾನೆ?"

ಆಪರೇಟರಮ್ಮ ಕೈಗಡಿಯಾರ ನೋಡಿದಳು. "ಇನ್ನು ಆರು ನಿಮಿಷಕ್ಕೆ ನಮ್ಮ ನೆತ್ತಿ ಮೇಲೇ ಬರ್ತಾಳೆ."

"ಇಳೀತಾಳಾ?"

"ಇಲ್ಲ ಅಜ್ಜಿ."

"ಹಾಗಾದ್ರೆ ಬಾಕಿ ಬಾಕೀನೇ," ಎಂದು ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತ ಕೂತಳು.