ರಬ್ಬರ್ ಅಟ್ಟೆ

“ಕಾಲು ಸಡಿಲ ಬಿಡು ಡೆಲ್. ಹೀಗೆ ಬಿಗಿ ಹಿಡಿದ್ರೆ ನಾನು ಹ್ಯಾಗೆ ತೂರಿಸ್ಲಿ?”

ಬ್ರೋನ್ಯಾ ವ್ರೋಬೆಲ್ ಹಜಾರದ ಬೆಂಚಿನ ಮುಂದೆ ಮಂಡಿಯೂರಿ ಕೂತು, ಡೆಲ್ಮರ್ ಟಿಬ್ಸನ ಪಾಲಿಶು ಹಾಕಿದ ಶೂ ಮೇಲೆ ರಬ್ಬರಿನ ಹೊರಜೋಡನ್ನು ಎಳೆಯುತ್ತಿದ್ದಳು. ಅವಳಿಗೆ ಎಪ್ಪತ್ತಾರು. ಮೈಮೇಲೆ ಕಪ್ಪು ಉಡುಪು. ಗಂಡನನ್ನು ಮಲಗಿಸಿದ್ದ ಪೆಟ್ಟಿಗೆ ಪಕ್ಕದ ಕೋಣೆಯಲ್ಲಿತ್ತು.

“ನೀವು ಏಳಿ ಮಿಸೆಸ್ ವ್ರೋಬೆಲ್. ನಾನೇ ಹಾಕ್ಕೋತೀನಿ.”

“ನಿನ್ನ ಮಂಡಿ ಬಗ್ಗಲ್ಲ ಅಂತ ಓಹೈಯೋಗೆಲ್ಲ ಗೊತ್ತು. ಸುಮ್ನೆ ಕೂತ್ಕೋ.”

ಹೊರಗೆ ಮೊನ್ನೆಯ ಹಿಮ ಅರ್ಧ ಕರಗಿ, ಬೆಳಗಿನ ಚಳಿಗೆ ಮತ್ತೆ ಗಟ್ಟಿಯಾಗಿ, ರಸ್ತೆಯೆಲ್ಲ ಗಾಜಾಗಿತ್ತು. ಜನವರಿಯಲ್ಲಿ ಸತ್ತರೆ ಹೀಗಾಗುತ್ತದೆ ಎಂದು ಸತ್ತವನಿಗೆ ಮೊದಲೇ ಗೊತ್ತಿತ್ತು. ಕ್ಯಾಸ್ ವ್ರೋಬೆಲ್ ಇಪ್ಪತ್ತೊಂಬತ್ತು ವರ್ಷ ಸ್ಟೋಕರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಸಾಮಾನು ನೋಡಿಕೊಂಡವನು. ಹೆಲ್ಮೆಟ್ಟು ರಿಪೇರಿ, ಶೂ ಮೊಳೆ, ಅಂಗಿ ಒಗೆತ, ಎಲ್ಲ ಅವನದೇ. ಹೋದ ವಾರ ಕ್ಯಾಲೆಂಡರ್ ಹಾಳೆಯ ಹಿಂದೆ ಪೆಟ್ಟಿಗೆ ಹೊರಬೇಕಾದ ಆರು ಜನರ ಹೆಸರನ್ನೂ ಅವರವರ ಪಾದದ ಅಳತೆಯನ್ನೂ ಬರೆದಿಟ್ಟಿದ್ದ. ಕೆಳಗೆ ಒಂದು ಸಾಲು: ‘ಹೊರುವವರು ಚರ್ಮದ ಅಟ್ಟೆಯಲ್ಲಿ ಬರಕೂಡದು. ನನ್ನನ್ನು ಬೀಳಿಸಬೇಡಿ.’ ನೆಲಮಾಳಿಗೆಯಲ್ಲಿ ಆರು ಜೊತೆ ರಬ್ಬರ್ ಜೋಡು ಸಾಲಾಗಿ ಕೂತಿದ್ದವು, ಒಂದೊಂದರ ಮೇಲೂ ಬಿಳಿ ಪಟ್ಟಿ ಅಂಟಿಸಿ ಹೆಸರು ಬರೆದು. ಸಾಯುವುದಕ್ಕೂ ಸಾಮಾನು ಜೋಡಿಸಿಟ್ಟು ಹೋದ ಪುಣ್ಯಾತ್ಮ.

ನಾಲ್ವರು ಸೋದರಳಿಯಂದಿರು ತುಟಿಪಿಟಕ್ಕೆನ್ನದೆ ಹಾಕಿಕೊಂಡಿದ್ದರು. ಐದನೆಯವನು ಡೆಲ್, ತಂಡದ ಹಳೆಯ ಆಟಗಾರ. ಆರನೆಯವನಾದ ಓಲಿ ಹೌಗನ್ ಮಾತ್ರ ತನ್ನ ಜೋಡನ್ನು ಕಾಲಿನಿಂದ ಬೆಂಚಿನ ಕೆಳಕ್ಕೆ ತಳ್ಳಿದ. ಒಂದು ಕಾಲದಲ್ಲಿ ಸ್ಟೋಕರ್ಸ್ ಮುಂಸಾಲಿನ ಗೋಡೆ ಎನಿಸಿಕೊಂಡಿದ್ದ ಆಸಾಮಿ. ಎಪ್ಪತ್ತು ದಾಟಿದರೂ ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬರುತ್ತಿರಲಿಲ್ಲ.

“ನಾನು ಹಾಕಲ್ಲಪ್ಪ. ಶೂ ವಿಷಯದಲ್ಲಿ ಕ್ಯಾಸ್‌ನ ನಂಬಿ ಒಂದ್ಸಲ ಕೆಟ್ಟಿದ್ದು ಸಾಕು. ಏನಂತೀಯ ಡೆಲ್? ಅದು ನಿನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?”

ಹಜಾರದಲ್ಲಿದ್ದವರು ನಕ್ಕರು. ನಲವತ್ತು ವರ್ಷ ಹಳೆಯ ಹಾಸ್ಯ. ಸವೆದಿದ್ದರೂ ಆ ಊರಿನಲ್ಲಿ ಇನ್ನೂ ಚಲಾವಣೆಯಲ್ಲಿತ್ತು. ಬ್ರೋನ್ಯಾಳ ಕೈ ಒಂದು ಗಳಿಗೆ ನಿಂತಿತು.

“ಇವತ್ತೊಂದು ದಿನ ಬಿಡಕ್ಕಾಗಲ್ವಾ ಓಲಿ?”

“ಪ್ರೀತಿಗೆ ಅಂದೆ ಕಣೇ.”

“ನಲವತ್ತು ವರ್ಷದಿಂದ ಪ್ರೀತಿಗೇ ಅಂತಿದೀಯ.”

ಡೆಲ್ ತಲೆ ತಗ್ಗಿಸಿ ತನ್ನ ಪಾದ ನೋಡುತ್ತಿದ್ದ. ಬಿಳಿ ಪಟ್ಟಿಯ ಮೇಲೆ ‘ಟಿಬ್ಸ್, ೧೧’ ಎಂದಿತ್ತು. ಆ ಬರಹ ಅವನಿಗೆ ಚೆನ್ನಾಗಿ ಗೊತ್ತು. ಇಂಡಿಯಾನಾದಿಂದ ಐದು ಗಂಟೆ ಕಾರು ಓಡಿಸಿಕೊಂಡು ಬರುವಾಗ ಅವನು ಬಾಯಲ್ಲಿ ಒಂದು ಮಾತನ್ನು ಹೊರಳಿಸುತ್ತಲೇ ಬಂದಿದ್ದ. ಪೆಟ್ಟಿಗೆ ಮಣ್ಣಿಗಿಳಿಯುವ ಮೊದಲು ಅದನ್ನು ಹೇಳಬೇಕು. ಆಮೇಲೆ ಹೇಳಿ ಪ್ರಯೋಜನವಿಲ್ಲ. ಆದರೆ ಓಲಿಯ ಹಾಸ್ಯಕ್ಕೆ ಎಲ್ಲರ ಜೊತೆ ಅವನ ತುಟಿಯೂ ಅಭ್ಯಾಸಬಲದಿಂದ ಸ್ವಲ್ಪ ನಕ್ಕಿತ್ತು. ಅದು ಅವನಿಗೇ ಹೇಸಿಗೆಯೆನಿಸಿತು.

*

ಸ್ಟೋಕರ್ಸ್ ಕಿರೀಟ ಗೆದ್ದ ವರ್ಷ ಊರಿಗೆ ಊರೇ ಗೆದ್ದೆತ್ತಿನ ಬಾಲ ಹಿಡಿದಿತ್ತು. ಕೊನೆಯ ಪಂದ್ಯದ ಕೆಸರಿನಲ್ಲಿ ಡೆಲ್ ಚೆಂಡು ಹಿಡಿದು ಎರಡು ಸಲ ಗೆರೆ ದಾಟಿದ್ದ. ಕೆಸರಿಗೆಂದು ಕ್ಯಾಸ್ ಉದ್ದ ಮೊಳೆಯ ಶೂ ಕೊಟ್ಟಿದ್ದ. ಬೇಸಿಗೆಯಿಡೀ ಔತಣ, ಭಾಷಣ, ಇಗರ್ಜಿಯ ಕೇಕು, ಉಕ್ಕಿನ ಕಾರ್ಖಾನೆಯ ಗೇಟಿನಲ್ಲಿ ಕೈಕುಲುಕಾಟ. ಉಂಡು ಉಂಡೇ ಆಟಗಾರರಿಗೆ ಸುಸ್ತಾಯಿತು.

‘ಗೆದ್ದವನು ಸೋತ, ಸೋತವನು ಸತ್ತ’ ಎನ್ನುತ್ತಾರಲ್ಲ, ಅದು ಕೋರ್ಟಿಗಷ್ಟೇ ಸೇರಿದ ಮಾತಲ್ಲ. ಮರುವರ್ಷ ಎದುರಾದ ಪ್ರತಿ ತಂಡವೂ ಕಿರೀಟದ ತಲೆಗೇ ಗುರಿಯಿಟ್ಟು ಹೊಡೆಯಿತು. ಅಕ್ಟೋಬರಿನೊಳಗೆ ಮೂವರ ಮೂಳೆ ಮುರಿದಿತ್ತು. ಡೆಲ್‌ನ ಮಂಡಿ ಊದಿಕೊಂಡಿತ್ತು. ಸೋತಾಗಲೆಲ್ಲ ಎಲ್ಲರೂ ಹೋದ ವರ್ಷವನ್ನು ಮತ್ತೆ ಮಾಡಲು ಹೊರಟರು. ಕೋಚ್ ಹೋದ ವರ್ಷದ ಟೋಪಿಯನ್ನೇ ಹಾಕಿದ. ಓಲಿ ಪ್ರತಿ ಪಂದ್ಯದ ಬೆಳಿಗ್ಗೆ ಹೋದ ವರ್ಷದ ಅದೇ ಮೇಜಿಗೆ ಹೋಗಿ ಅದೇ ಎಲೆಕೋಸಿನ ಸೂಪು ಕುಡಿದ. ಇನ್ನೊಬ್ಬ ಕಾಲುಚೀಲ ಒಗೆಯಲು ಕೊಡಲೊಲ್ಲ.

ಕ್ಯಾಸ್‌ಗೆ ಇದು ಸೇರುತ್ತಿರಲಿಲ್ಲ. “ಹೋದ ವರ್ಷದ ನೆಲ ಹೋದ ವರ್ಷಕ್ಕೇ ಹೋಯ್ತು,” ಅನ್ನುತ್ತಿದ್ದ. “ಇವತ್ತಿನ ನೆಲ ನೋಡ್ರಯ್ಯಾ.” ಪಂದ್ಯದ ಬೆಳಿಗ್ಗೆ ಮೈದಾನಕ್ಕೆ ಹೋಗಿ, ಕುಕ್ಕರುಗಾಲಲ್ಲಿ ಕೂತು, ಕೈಗವಸು ಬಿಚ್ಚಿ ಹೆಬ್ಬೆರಳನ್ನು ನೆಲಕ್ಕೆ ಒತ್ತುತ್ತಿದ್ದ. ಆಮೇಲೆ ಒಂದೇ ಮಾತು: ‘ಉದ್ದ’, ‘ಗಿಡ್ಡ’ ಅಥವಾ ‘ರಬ್ಬರ್’. ಮೆತ್ತಗಿದ್ದರೆ ಉದ್ದ ಮೊಳೆ, ಕಲ್ಲಾಗಿದ್ದರೆ ಮೊಳೆಯಿಲ್ಲದ ರಬ್ಬರ್ ಅಟ್ಟೆ. ಅದರಂತೆ ನಲವತ್ತು ಜೊತೆ ಶೂ ಉಡುಪು ಬದಲಿಸುವ ಕೋಣೆಯ ನಲವತ್ತು ಪೀಠದ ಕೆಳಗೆ ಹೋಗುತ್ತಿದ್ದವು.

ಆ ವರ್ಷದ ಲೀಗಿನ ಕೊನೆಯ ಪಂದ್ಯದ ಹೊತ್ತಿಗೆ ಎಂಟು ಗೆದ್ದು ಐದು ಸೋತಿದ್ದರು. ಅದೊಂದು ಗೆದ್ದರೆ ಮತ್ತೆ ಕಿರೀಟದ ಪಂದ್ಯ. ಆ ಬೆಳಿಗ್ಗೆ ಕ್ಯಾಸ್‌ನ ಹೆಬ್ಬೆರಳು ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ‘ರಬ್ಬರ್’ ಅಂದ.

ಕೊನೆಯ ನಿಮಿಷದಲ್ಲಿ ನಾಲ್ಕು ಅಂಕ ಹಿಂದಿದ್ದರು; ಗೆರೆ ದಾಟಿದರೆ ಆರು ಬರುತ್ತಿತ್ತು. ಚೆಂಡು ಡೆಲ್ ಕೈಗೆ ಬಂತು. ಎದುರಿಗೆ ಒಬ್ಬನೂ ಇಲ್ಲ, ಗೆರೆಗೆ ಆರೇ ಗಜ. ತಿರುಗಿದವನ ಎರಡೂ ಕಾಲು ಒಟ್ಟಿಗೆ ಮೇಲೆ ಹೋದವು. ಚೆಂಡು ಒಂದು ಕಡೆ, ಅವನೊಂದು ಕಡೆ. ಮಾರನೆಯ ದಿನದ ಪತ್ರಿಕೆಯಲ್ಲಿ ದೊಡ್ಡ ಫೋಟೋ ಬಂತು: ಅಂಗಾತ ಬಿದ್ದ ಡೆಲ್, ಆಕಾಶಕ್ಕೆ ಮುಖ ಮಾಡಿದ ಅಂಗಾಲು, ಅದರಲ್ಲಿ ಉದ್ದುದ್ದ ಮೊಳೆ. ಉಳಿದವರೆಲ್ಲ ರಬ್ಬರಿನಲ್ಲಿದ್ದಾಗ ಇವನೊಬ್ಬ ಕೆಸರಿನ ಶೂನಲ್ಲಿ ಹೇಗೆ ಎಂದು ಎಲ್ಲರೂ ಕೇಳಿದರು.

“ಜೋಡಿ ಅದಲುಬದಲಾಯ್ತು,” ಅಂದ ಕ್ಯಾಸ್. “ತಪ್ಪು ನನ್ನದು.”

ಊರು ನಂಬಿತು. ಕೋಚ್ ಶೂಗಳ ಜವಾಬ್ದಾರಿಯನ್ನು ಬೇರೆಯವನಿಗೆ ಕೊಟ್ಟು ಕ್ಯಾಸ್‌ನನ್ನು ಒಗೆಯುವ ಕೋಣೆಗೆ ಹಾಕಿದ. ತಂಡ ಆ ಊರನ್ನೇ ಬಿಟ್ಟು ಬೇರೆ ಊರಿಗೆ ಹೋಗುವ ತನಕ, ಹದಿನೇಳು ವರ್ಷ, ಅವನು ಅಂಗಿ ಒಗೆದ. ಮತ್ತೆ ಯಾರೂ ಅವನನ್ನು ನೆಲದ ಬಗ್ಗೆ ಕೇಳಲಿಲ್ಲ.

*

ಇಗರ್ಜಿಯ ಪೂಜೆ ಮುಗಿದ ಮೇಲೆ ಬ್ರೋನ್ಯಾ, “ಡೆಲ್, ನೀನು ನನ್ನ ಕಾರಲ್ಲಿ ಬಾ,” ಅಂದಳು. ಮುಂದೆ ಶವದ ಗಾಡಿ ಆಮೆಯಂತೆ ಹೋಗುತ್ತಿತ್ತು. ಮುಚ್ಚಿದ ಕಾರ್ಖಾನೆಯ ಗೋಡೆ ಕಿಟಕಿಯಾಚೆ ಮುಗಿಯುತ್ತಲೇ ಇರಲಿಲ್ಲ. ಅವಳು ಮಡಿಲಲ್ಲಿ ಒಂದು ಕಾಗದದ ಚೀಲ ಇಟ್ಟುಕೊಂಡಿದ್ದಳು. ಒಳಗಿದ್ದದ್ದು ಓಲಿ ತಳ್ಳಿದ ಜೋಡು.

“ತಂಡದವರು ಹೂವಿನ ಚಕ್ರ ಕಳ್ಸಿದಾರೆ, ನೋಡಿದ್ಯಾ? ಹೊಸ ಊರಿನ ಬಣ್ಣ. ಆ ಬಣ್ಣದ ಅಂಗಿ ಅವನು ಒಂದಿನಾನೂ ಒಗೆದಿಲ್ಲ.”

“ನೋಡ್ದೆ.”

“ಒಂದು ಮಾತು ಕೇಳ್ತೀನಿ. ಅವತ್ತು ಅವನು ಮನೆಗೆ ಬಂದಾಗ ನಾನು ಏನಂದೆ ಗೊತ್ತಾ? ‘ನಿನಗಿದ್ದಿದ್ದೇ ಒಂದು ಕೆಲ್ಸ, ಅದನ್ನೂ ನೆಟ್ಟಗೆ ಮಾಡ್ಲಿಲ್ಲ’ ಅಂದೆ. ಅವನು ಕೋಟು ನೇತುಹಾಕಿ, ಸೂಪು ಬಡಿಸು ಅಂದ. ಅಷ್ಟೇ.” ಅವಳು ಚೀಲವನ್ನು ಮುಟ್ಟಿದಳು. “ನಿನ್ನೆ ನೆಲಮಾಳಿಗೆಗೆ ಹೋದೆ. ಆರು ಜೊತೆ. ಸಾಯೋ ಮನುಷ್ಯ, ಕೈ ನಡುಗ್ತಿತ್ತು, ಕಣ್ಣು ಕಾಣ್ತಿರ್ಲಿಲ್ಲ. ಒಂದಾದ್ರೂ ಅದಲುಬದಲಾಗಿರುತ್ತೆ ಅಂತ ನೋಡ್ದೆ. ಒಂದೂ ಇಲ್ಲ ಡೆಲ್. ನನ್ನ ಮದುವೆಯಾಗಿ ಐವತ್ತೈದು ವರ್ಷದಲ್ಲಿ ಅವನು ಒಂದು ಕಾಲುಚೀಲದ ಜೋಡಿ ತಪ್ಪಿಸಿದ್ದು ನಾ ಕಂಡಿಲ್ಲ. ಅವತ್ತೊಂದಿನ ಹ್ಯಾಗೆ ತಪ್ಪಿದ?”

ಡೆಲ್ ಕಿಟಕಿಯ ಕಡೆ ತಿರುಗಿದ. ಐದು ಗಂಟೆ ಹೊರಳಿಸಿದ ಮಾತು ಹೊರಬರುವಾಗ ಎರಡೇ ಪದವಾಯಿತು.

“ತಪ್ಪಲಿಲ್ಲ ಅವನು.”

*

ಆ ದಿನ ಪೀಠದ ಕೆಳಗಿದ್ದದ್ದು ರಬ್ಬರೇ. ಹೆಸರಿನ ಪಟ್ಟಿಯೂ ಇತ್ತು. ಆದರೆ ಕಿರೀಟದ ಪಂದ್ಯದ ಶೂಗಳನ್ನು ಡೆಲ್ ಚೀಲದ ತಳದಲ್ಲಿ ಬಚ್ಚಿಟ್ಟು ತಂದಿದ್ದ. ಅಟ್ಟೆ ಸವೆಯಿತೆಂದು ಕ್ಯಾಸ್ ಬಿಸಾಡಿದ್ದ ಜೋಡಿ. ಬಿಸಾಡಿದ್ದನ್ನು ಡಬ್ಬದಿಂದ ಎತ್ತಿಕೊಂಡು ಬಂದಿದ್ದ. ಕೋಚ್‌ಗೆ ಟೋಪಿ, ಓಲಿಗೆ ಸೂಪು, ಡೆಲ್‌ಗೆ ಆ ಶೂ. ಊದಿದ ಮಂಡಿ ನಂಬಲು ಬರುತ್ತಿರಲಿಲ್ಲ. ಶೂ ಆದರೂ ಗೆದ್ದ ಶೂ. ಎಲ್ಲರೂ ಹೊರಟ ಮೇಲೆ ಬೇಗ ಬೇಗ ಕಟ್ಟಿಕೊಂಡು ಓಡಿದ.

ಪಂದ್ಯ ಮುಗಿದು ಎಲ್ಲರೂ ಗೋಡೆ ನೋಡುತ್ತ ಕೂತಿದ್ದಾಗ ಕ್ಯಾಸ್ ಬಂದು ಅವನ ಮುಂದೆ ಕುಕ್ಕರಿಸಿದ. ಲೇಸು ಬಿಚ್ಚಿದ. ಶೂ ತಿರುಗಿಸಿ ಮೊಳೆ ನೋಡಿದ. ಪೀಠದ ಕೆಳಗೆ ಮುಟ್ಟದೆ ಕೂತಿದ್ದ ರಬ್ಬರ್ ಜೋಡಿಯನ್ನೂ ನೋಡಿದ. ಡೆಲ್‌ಗೆ ಮುಂದಿನದು ಗೊತ್ತಿತ್ತು. ಮಂಡಿ ಕೆಟ್ಟ ಆಟಗಾರ, ಅದರಲ್ಲೂ ಮಾತು ಮೀರಿದವನು. ಬೆಳಗಾಗುವುದರೊಳಗೆ ಗಂಟುಮೂಟೆ ಕಟ್ಟಿಸುತ್ತಿದ್ದರು.

“ಮಂಡಿ ನೋಯ್ತಿದ್ಯಾ?” ಕೇಳಿದ ಕ್ಯಾಸ್.

“ಹೂಂ.”

“ಐಸ್ ಇಡು.”

ಅಷ್ಟು ಹೇಳಿ, ಎರಡೂ ಜೋಡಿಯನ್ನು ಅಂಗಿಯ ಬುಟ್ಟಿಯೊಳಗೆ ಹಾಕಿಕೊಂಡು, ನೇರ ಕೋಚ್‌ನ ಬಾಗಿಲಿಗೆ ನಡೆದ.

*

ಬ್ರೋನ್ಯಾ ಚೀಲದ ಬಾಯನ್ನು ಮಡಚಿ, ಮತ್ತೊಮ್ಮೆ ಮಡಚಿದಳು. ಆಮೇಲೆ, “ನಲವತ್ತು ವರ್ಷ ಡೆಲ್,” ಅಂದಳು.

“ಹೌದು.”

“ಮಾಂಸದಂಗಡಿ ಬದಲಾಯಿಸ್ದೆ ನಾನು, ಅಲ್ಲಿ ಆಡ್ಕೋತಾರೆ ಅಂತ. ಇಗರ್ಜಿಲಿ ಹಿಂದಿನ ಬೆಂಚಿಗೆ ಹೋದೆ. ನೀನು ಆಮೇಲೆ ಆರು ವರ್ಷ ಆಡ್ದೆ. ಪ್ರತಿ ಕ್ರಿಸ್‌ಮಸ್‌ಗೆ ಕಾರ್ಡ್ ಕಳ್ಸ್ದೆ. ಅದ್ರಲ್ಲಿ ಒಂದು ಸಾಲು ಬರೀಲಿಕ್ಕಾಗ್ಲಿಲ್ವಾ?”

“ಮೊದ್ಲು ಹೆದರಿಕೆ. ಆ ಕಾಲದಲ್ಲಿ ನನ್ನಂಥ ಕಪ್ಪು ಮನುಷ್ಯನಿಗೆ ಎರಡನೇ ತಪ್ಪು ಅನ್ನೋದೇ ಇರ್ಲಿಲ್ಲ. ಆಮೇಲೆ ನಾಚಿಕೆ. ಆಮೇಲೆ…” ಅವನು ಪದ ಹುಡುಕಿದ. “ಆಮೇಲೆ ರೂಢಿಯಾಗೋಯ್ತು ಮಿಸೆಸ್ ವ್ರೋಬೆಲ್.”

“ಅವನು ನನಗಾದ್ರೂ ಹೇಳ್ಬೋದಿತ್ತು.”

“ನಿಮಗೆ ಹೇಳಿದ್ರೆ ನೀವು ಸುಮ್ನಿರ್ತಿದ್ರಾ?”

“ಅಂಗಡಿ ಅಂಗಡಿ ಹತ್ತಿ ಹೇಳ್ತಿದ್ದೆ!” ಅಂದಳು ಬ್ರೋನ್ಯಾ, ಮತ್ತು ಬೆಳಗಿನಿಂದ ಮೊದಲ ಸಲ ಅತ್ತಳು. ಡೆಲ್ ಕರವಸ್ತ್ರ ಕೊಡಲು ಹೋದ. ಅವಳು ಅವನ ಕೈ ತಳ್ಳಿ ಕೈಗವಸಿನಲ್ಲೇ ಕಣ್ಣೊರೆಸಿಕೊಂಡಳು. “ನನ್ನೆದುರು ಹೇಳಿದ್ರೆ ಮುಗೀತಾ? ಅವನನ್ನ ಗಾಡಿಯಿಂದ ಇಳಿಸೋ ಮೊದ್ಲು ಓಲಿಗೆ ಹೇಳು. ಎಲ್ರಿಗೂ ಕೇಳೋ ಹಾಗೆ.”

ಸ್ಮಶಾನದ ದಾರಿ ಇಳಿಜಾರು. ಜಾರದಿರಲೆಂದು ಒಲೆಯ ಬೂದಿ ಚೆಲ್ಲಿದ್ದರೂ ಅದರ ಮೇಲೆ ಮತ್ತೆ ತೆಳ್ಳಗೆ ಮಂಜು ಕಟ್ಟಿತ್ತು. ಗಾಡಿಯ ಹಿಂಬಾಗಿಲು ತೆರೆದು ಐವರು ನಿಂತರು. ಪಾದ್ರಿ ಪುಸ್ತಕ ಹಿಡಿದು ಕಾಯುತ್ತಿದ್ದ. ಓಲಿ ಚರ್ಮದ ಶೂನಲ್ಲೇ ಜಾರಿ, ಬಾಗಿಲು ಹಿಡಿದು ಸಾವರಿಸಿಕೊಂಡು, “ಕ್ಯಾಸ್‌ಗೆ ಈಗ ನಗು ಬರ್ತಿರುತ್ತೆ,” ಅಂದ.

“ಓಲಿ,” ಅಂದ ಡೆಲ್. ದನಿ ಎತ್ತರವಾಗಿತ್ತು, ಹಿಂದೆ ಬರುತ್ತಿದ್ದವರೂ ನಿಂತರು. “ಆ ಶೂ ಕ್ಯಾಸ್ ಕೊಟ್ಟಿದ್ದಲ್ಲ. ಅವನು ರಬ್ಬರೇ ಇಟ್ಟಿದ್ದ. ಹಿಂದಿನ ವರ್ಷದ ಶೂನ ನಾನೇ ಕದ್ದು ಹಾಕ್ಕೊಂಡೆ, ಅದೃಷ್ಟಕ್ಕೆ ಅಂತ. ಅವನು ತಪ್ಪು ತನ್ನ ಮೇಲೆ ಹಾಕ್ಕೊಂಡ, ನನ್ನನ್ನ ಕಳಿಸಿಬಿಡ್ತಾರೆ ಅಂತ. ಆ ಪಂದ್ಯ ಸೋಲಿಸಿದ್ದು ನಾನು.”

“ಹೋಗೋ, ಸುಳ್ಳು.”

“ಹೆಣದ ಮುಂದೆ ನಿಂತಿದೀನಿ ಓಲಿ.”

ಓಲಿ ಬ್ರೋನ್ಯಾಳ ಮುಖ ನೋಡಿದ. ಅವಳು ನೋಟ ತಪ್ಪಿಸಲಿಲ್ಲ. ಅವನು ಡೆಲ್ ಕಡೆ ತಿರುಗಿದ. ದವಡೆ ಅಲ್ಲಾಡಿತು, ಕೈ ಮುಷ್ಟಿಯಾಯಿತು, ಮತ್ತೆ ಬಿಚ್ಚಿತು.

“ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ,” ಅಂದ ಕೊನೆಗೆ, ಮೆಲ್ಲಗೆ. “ನಾವು ಅವನ ಮೇಲೆ ಹಾಕಿದ್ವಿ.” ಆಮೇಲೆ, “ನಾನು ಇವತ್ತು ಬೆಳಿಗ್ಗೆ ಕೂಡ ಅಂದ್ನಲ್ಲೇ ಬ್ರೋನ್ಯಾ.”

“ಅಂದೆ,” ಅಂದಳು ಬ್ರೋನ್ಯಾ.

ಓಲಿ ಗಾಡಿಯ ಬಾಗಿಲು ಹಿಡಿದು, ಏದುಸಿರು ಬಿಡುತ್ತ, ಒಂದೊಂದೇ ಮಂಡಿ ಮಡಿಸಿ ಕೆಳಗಿಳಿದ. ಹಿಡಿಯಲು ಬಂದ ಸೋದರಳಿಯನಿಗೆ ಬೇಡವೆಂದ. ಬಲಗೈಯ ಗವಸು ಬಿಚ್ಚಿ, ಹೆಬ್ಬೆರಳನ್ನು ದಾರಿಯ ನೆಲಕ್ಕೆ ಒತ್ತಿದ. ಉಗುರು ಬೆಳ್ಳಗಾಗುವ ತನಕ ಒತ್ತಿದ. ನೆಲ ಒಂದಿಷ್ಟೂ ಬಿಟ್ಟುಕೊಡಲಿಲ್ಲ.

“ರಬ್ಬರ್,” ಅಂದ.

ಬ್ರೋನ್ಯಾ ಕಾಗದದ ಚೀಲ ಮುಂದೆ ಮಾಡಿದಳು. ಓಲಿ ಮೇಲೆದ್ದು, ಪೆಟ್ಟಿಗೆಯ ಪಕ್ಕದಲ್ಲೇ ಗಾಡಿಯ ಅಂಚಿಗೆ ಕೂತು, ಬಿಳಿ ಪಟ್ಟಿಯ ಮೇಲೆ ನಡುಗುವ ಕೈ ಬರೆದಿದ್ದ ತನ್ನ ಹೆಸರನ್ನು ಓದಿಕೊಂಡ. ಆಮೇಲೆ ಪಾದ್ರಿಯೂ ಊರಿನವರೂ ನೋಡುತ್ತಿದ್ದಂತೆ ಎಡಗಾಲನ್ನು ಚಾಚಿದ.