ಬಿಚ್ಚಿದ ಕೈ

ಗುಡ್ಡದ ಓಟದಲ್ಲಿ ಎಲ್ಲರಿಗಿಂತ ಕೊನೆಯವರ ಹಿಂದೆ ನಡೆಯುವುದು ಆ ಭಾನುವಾರ ಸಮತಾಳ ಪಾಲಿಗೆ ಬಂದ ಕೆಲಸ. ಮುಂದೆ ಷಡಕ್ಷರಪ್ಪನವರು ಗುಡ್ಡದ ಏರಿನಲ್ಲಿ ನಾಲ್ಕು ಹೆಜ್ಜೆ ಇಟ್ಟು ಒಮ್ಮೆ ನಿಲ್ಲುತ್ತ, ಕೆಳಗಿನ ಬಯಲನ್ನು ನೋಡುವ ನೆಪದಲ್ಲಿ ಉಸಿರು ತಿರುಗಿಸಿಕೊಳ್ಳುತ್ತಿದ್ದರು. ಅವರು ನಿಂತಾಗ ಇವಳೂ ನಿಲ್ಲುತ್ತಿದ್ದಳು. ದಾರಿಯ ಗುರುತಿಗೆಂದು ಪಕ್ಕದ ಗಿಡಕ್ಕೆ ಕಟ್ಟಿದ್ದ ಕಿತ್ತಳೆ ಬಟ್ಟೆಯ ಪಟ್ಟಿಯನ್ನು ಬಿಚ್ಚಿ ಹೆಗಲಿನ ಚೀಲಕ್ಕೆ ತುಂಬುತ್ತಿದ್ದಳು. ಕೊನೆಯ ಓಟಗಾರ ದಾಟಿದ ಮೇಲೆ ಗುಡ್ಡದಲ್ಲಿ ಓಟದ ಒಂದು ಗುರುತೂ ಉಳಿಯಬಾರದು ಎಂಬುದು ಇಂಥ ಓಟಗಳ ನಿಯಮ.

"ನನ್ನಿಂದ ನಿಮಗೂ ತಡ ಆಯ್ತಲ್ಲ ಮೇಡಂ," ಎಂದರು ಷಡಕ್ಷರಪ್ಪ. "ಮುಂದೆ ಹೋಗ್ಬಿಡಿ ಅನ್ನೋಣ ಅಂದ್ರೆ ನೀವು ಹೋಗೋ ಹಾಗೂ ಇಲ್ಲ."

"ನಿಧಾನಕ್ಕೇ ಬನ್ನಿ ಸರ್. ನೀವು ಓಡಿದ್ರೆ ನಾನೂ ಓಡ್ಬೇಕಾಗುತ್ತೆ."

ಅವರು ನಕ್ಕರು. ಆದರೆ ಅದು ಬರೀ ತಮಾಷೆಯ ಮಾತಾಗಿರಲಿಲ್ಲ. ಹಿಂದಿನ ದಿನ ಭದ್ರಾವತಿಯಲ್ಲಿ ಹತ್ತು ಕಿಲೋಮೀಟರ್ ಓಟವಿತ್ತು. ತನ್ನ ವಯಸ್ಸಿನ ಹೆಂಗಸರಲ್ಲಿ ಸದಾ ಮುಂದಿರುತ್ತಿದ್ದವಳು, ಹೊಳೆಯ ಸೇತುವೆ ದಾಟಿ ಕಾರ್ಖಾನೆಯ ಉದ್ದ ಗೋಡೆಯ ಪಕ್ಕಕ್ಕೆ ಬರುವ ಹೊತ್ತಿಗೆ ಕಾಲಿಗೆ ಕಲ್ಲು ಕಟ್ಟಿದಂತಾಗಿ ನಡೆಯತೊಡಗಿದ್ದಳು. ಸಮತಾಳೇ ಓಟದ ರುಚಿ ಹತ್ತಿಸಿದ್ದ ಆಫೀಸಿನ ವಾಣಿ ಪಕ್ಕದಲ್ಲೇ ದಾಟಿಹೋಗುತ್ತ, ಬಾರೇ ಮಾರಾಯ್ತಿ, ಇನ್ನೇನು ಬಂತು ಎಂದು ಕೈಹಿಡಿದು ಎಳೆದಿದ್ದಳು. ಸಮತಾ ಆ ಕೈಯನ್ನು ಬಿಡಿಸಿಕೊಂಡಿದ್ದಳು. ಮೊಣಕಾಲು ನೋಯುತ್ತಿರಲಿಲ್ಲ, ಜ್ವರವಿರಲಿಲ್ಲ. ದಣಿವು ಎಲ್ಲಿಂದ ಬಂದು ಕೂತಿದೆಯೆಂಬುದು ಅವಳಿಗೇ ತಿಳಿಯದು. ಶಿವಮೊಗ್ಗದ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತು, ಇನ್ನು ಸಾಕು ಎಂದುಕೊಂಡಿದ್ದಳು. ಭಾನುವಾರದ ಈ ಕೆಲಸಕ್ಕೆ ಮೊದಲೇ ಒಪ್ಪಿಕೊಂಡಾಗಿತ್ತು. ಅದೊಂದು ಮುಗಿದರೆ ಶೂಗಳು ಅಟ್ಟಕ್ಕೆ.

ಪಟ್ಟಿಗಳನ್ನು ಮಾಡಿದವರಲ್ಲಿ ಅವಳೂ ಇದ್ದಳು. ಗುಡ್ಡದಲ್ಲಿ ಪ್ಲಾಸ್ಟಿಕ್ ಟೇಪು ಬೇಡವೆಂದು ಓಟದವರು ಈ ಸಲ ತೀರ್ಮಾನಿಸಿದ್ದರಿಂದ, ಮನೆಮನೆಯ ಹಳೆಯ ಸೀರೆಗಳಲ್ಲಿ ದೂರಕ್ಕೆ ಕಾಣುವ ಬಣ್ಣದವನ್ನು ಆರಿಸಿ ವಿನೋಬನಗರದ ಅವಳ ಮನೆಯ ನಡುಮನೆಯಲ್ಲಿ ಕೂತು ಹರಿದಿದ್ದರು. ಅತ್ತೆ ಕರಿಬಸಮ್ಮ ತಮ್ಮದೂ ಒಂದು ಸೀರೆ ತಂದುಕೊಟ್ಟು ಅಲ್ಲೇ ನಿಂತಿದ್ದರು.

"ಉಟ್ಟ ಸೀರೆ ಹರಿದು ಮರಕ್ಕೆ ಕಟ್ಟೋದು ಹರಕೆಗೆ ಕಣೇ. ನೀವ್ಯಾಕೆ ಕಟ್ತೀರಿ?"

"ಬಂದವರು ದಾರಿ ತಪ್ಪದೆ ಇರ್ಲಿ ಅಂತ, ಅತ್ತೆ."

"ಹಾಗಾದ್ರೆ ಹರಕೆನೇ ಆಯ್ತಲ್ಲ," ಎಂದು ಅವರು ಒಳಗೆ ಹೋಗಿದ್ದರು.

ಗುಡ್ಡದ ನೆತ್ತಿಯಲ್ಲಿ ದಾರಿ ಎರಡಾಗುವ ಕಡೆ ಒಂದು ಹಳೆಯ ಬಸರಿ ಮರ. ಅದರ ಬುಡದಲ್ಲಿ ಕುಂಕುಮ ಮೆತ್ತಿದ ಕಲ್ಲು, ಗುಡ್ಡದ ಚೌಡಮ್ಮ. ಯಾರೂ ಬೇರೆ ದಾರಿ ಹಿಡಿಯಬಾರದೆಂದು ಗುರುತು ಕಟ್ಟಿದವರು ಅಲ್ಲಿ ಕೊಂಬೆ ಕೊಂಬೆಗೂ ಪಟ್ಟಿ ಕಟ್ಟಿದ್ದರು. ಸಮತಾ ಶೂ ತೆಗೆಯುವ ಗೋಜಿಗೆ ಹೋಗದೆ ದೂರದಿಂದಲೇ ಅಮ್ಮನಿಗೆ ಕೈಮುಗಿದು, ಒಂದೊಂದನ್ನೇ ಬಿಚ್ಚಿದಳು. ಎತ್ತರದ ಕೊಂಬೆಯದೊಂದು ಗಂಟು ಮಾತ್ರ ಜಪ್ಪಯ್ಯ ಅಂದರೂ ಸಡಿಲಲಿಲ್ಲ. ಕೊಂಬೆ ಬಗ್ಗಿಸಿ, ಎರಡೂ ಕೈ ಹಾಕಿ, ಕಡೆಗೆ ಹಲ್ಲಿನಿಂದ ಕಚ್ಚಿ ಎಳೆದಳು. ನಾಲಿಗೆಗೆ ಏನೋ ಕಹಿಕಹಿ ತಾಗಿತು. ಉಗುಳಿ, ಅದನ್ನೂ ಚೀಲಕ್ಕೆ ಹಾಕಿ, ಷಡಕ್ಷರಪ್ಪನವರ ಹಿಂದೆ ಇಳಿದಳು.

ಗುಡ್ಡದ ಬುಡದ ಊರಿನ ಶಾಲೆಯ ಬಯಲಿಗೆ ಅವರು ಮುಟ್ಟಿದಾಗ ಓಟದ ಕೊನೆಗೆ ನಿಲ್ಲಿಸಿದ್ದ ಕಮಾನನ್ನು ಕಳಚುತ್ತಿದ್ದರು. ಓಟ ಏರ್ಪಡಿಸಿದ್ದ ಯೋಗರಾಜ್ ಓಡಿಬಂದು ಷಡಕ್ಷರಪ್ಪನವರ ಕೊರಳಿಗೆ ಪದಕ ಹಾಕಿದ. ಉಳಿದ ನಾಲ್ಕಾರು ಜನ ಚಪ್ಪಾಳೆ ತಟ್ಟಿದರು. ಸಮತಾ ಹೊಂಗೆಯ ನೆರಳಿಗೆ ಹೋಗಿ ಚೀಲ ಇಳಿಸಿ, ಶೂ ಕಳಚಿ, ಕಾಲು ನೀಡಿ ಕೂತಳು. ಇನ್ನು ಏಳಬೇಕಾಗಿಲ್ಲ ಎಂಬುದೇ ಒಂದು ಸುಖವಾಗಿತ್ತು.

ಆಗ ಒಬ್ಬ ಹೆಂಗಸು ಬಂದು ಎದುರಿಗೆ ನಿಂತಳು. ತಲೆಗೂದಲು ಮುಕ್ಕಾಲು ನೆರೆತಿತ್ತು, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

"ಅಮ್ಮನ ಮರದ ಬಟ್ಟೆ ಬಿಚ್ಚಿದ್ದು ಯಾರು ತಾಯಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಮತಾ ಚೀಲವನ್ನು ನೋಡಿದಳು, ಆಮೇಲೆ ಅವಳನ್ನು. ನಾಲಿಗೆಯ ಮೇಲಿದ್ದ ಕಹಿ ಅರಿಶಿನದ್ದೆಂದು ಆಗ ಹೊಳೆಯಿತು.

ಹೆಂಗಸು ಅಲ್ಲೇ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಅವಳ ಹೆಸರು ಸಣ್ಣಮ್ಮ. ಗಂಡ ಪುಟ್ಟಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿಗಿದ್ದವನು. ಹೋದ ಮಳೆಗಾಲದಲ್ಲಿ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು. ಆಸ್ಪತ್ರೆಯಿಂದ ಅವನನ್ನು ಮನೆಗೆ ತಂದ ದಿನ ಉಟ್ಟಿದ್ದ ಸೀರೆಯ ಅಂಚು ಹರಿದು, ತುದಿಯಲ್ಲಿ ಅರಿಶಿನದ ಕೊಂಬು ಗಂಟಿಕ್ಕಿ, ಅಮ್ಮನ ಮರಕ್ಕೆ ಕಟ್ಟಿದ್ದಳು. ಯಾರ ಹೆಸರಿನಲ್ಲಿ ಕಟ್ಟುತ್ತಾರೋ ಅವರೇ ಒಂದು ದಿನ ತಮ್ಮ ಕಾಲ ಮೇಲೆ ನಡೆದುಬಂದು ಬಿಚ್ಚಬೇಕು. ಆ ಗುಡ್ಡದ ಹರಕೆಯ ರೀತಿ ಅದು. ಅಲ್ಲಿಂದೀಚೆಗೆ ಸಣ್ಣಮ್ಮ ದಿನಾ ಬೆಳಿಗ್ಗೆ ಮಿಂದು ಗುಡ್ಡ ಹತ್ತಿ ಬಟ್ಟೆಯನ್ನು ಕಣ್ಣಾರೆ ಕಂಡು ಬರುವಳು. ಬಂದು, ಐತೆ ಎನ್ನುವಳು. ಆ ಮಾತು ಕೇಳಿದ ಮೇಲೆಯೇ ಪುಟ್ಟಪ್ಪ ಕೋಲು ಹಿಡಿದು ಅಂಗಳದಲ್ಲಿ ನಡಿಗೆ ಕಲಿಯುವುದು. ಈಗೀಗ ಬೇಲಿಯ ತನಕ ಹೋಗಿ ತಿರುಗುತ್ತಿದ್ದ.

"ಇವತ್ತು ನೀವೆಲ್ಲ ಓಡೋದು ಮುಗೀಲಿ ಅಂತ ತಡವಾಗಿ, ಆ ಇನ್ನೊಂದು ದಾರೀಲಿ ಹೋದೆ. ಮರ ಬೋಳಾಗಿತ್ತು," ಎಂದಳು ಸಣ್ಣಮ್ಮ. "ಇನ್ನೂ ಹೋಗೇ ಇಲ್ಲ ಅಂತ ಸುಳ್ಳು ಹೇಳಿ ಬಂದೀನಿ. ಕೋಲು ಮುಟ್ಟದೆ ಜಗಲಿ ಮೇಲೆ ಕಾಯ್ತಾ ಕೂತವ್ರೆ. ಗೊತ್ತಾದ್ರೆ ಆಮೇಲೆ ಏಳಲ್ಲ ಅವ್ರು."

ಸಮತಾ ಚೀಲವನ್ನು ನೆಲಕ್ಕೆ ಸುರಿದಳು. ಕಿತ್ತಳೆ ಪಟ್ಟಿಗಳೆಲ್ಲ ಒಂದರೊಳಗೊಂದು ಸಿಕ್ಕಿಕೊಂಡಿದ್ದವು, ಸಣ್ಣಮ್ಮನ ಸೀರೆಯಂಚೂ ಕಿತ್ತಳೆಯೇ ಆಗಿದ್ದರಿಂದ ಬಣ್ಣದಿಂದ ಗುರುತಿಸುವ ಹಾಗಿರಲಿಲ್ಲ. ಕಣ್ಣುಮುಚ್ಚಿ ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ಬೆರಳಾಡಿಸಿದಳು. ತುಂಬ ಹೊತ್ತಿನ ಮೇಲೆ ಗಟ್ಟಿಯಾದದ್ದೊಂದು ಬೆರಳಿಗೆ ತಾಗಿತು. ಹೊರಗೆಳೆದು, ತಪ್ಪಾಯಿತು ಎಂದು ಎರಡೂ ಕೈಯಲ್ಲಿ ನೀಡಿದಳು.

ಸಣ್ಣಮ್ಮ ಮುಟ್ಟಲಿಲ್ಲ.

"ಬಿಚ್ಚಿದ ಕೈಯೇ ಕಟ್ಟಬೇಕು ತಾಯಿ. ನಾನು ಕಟ್ಟಿದ್ರೆ ಅದು ಹೊಸ ಹರಕೆ ಆಗುತ್ತೆ. ಹಳೇದು ಹೋದಂಗೇ."

ಸಾಮಾನು ತುಂಬಿದ ಗಾಡಿ ಹೊರಟುನಿಂತಿತ್ತು. ಯೋಗರಾಜ್ ಬಂದು ವಿಷಯ ಕೇಳಿ, ಮೇಡಂ, ನೀವು ಎದ್ದು ನಿಲ್ಲೋ ಹಾಗೂ ಇಲ್ಲ, ಮುಂದಿನ ವಾರ ಎಲ್ಲರೂ ಬಂದಾಗ ಕಟ್ಟಿಸೋಣ, ನಿಮ್ಮನ್ನ ಮನೆ ಹತ್ರ ಆಲ್ಕೊಳ ಸರ್ಕಲ್‌ನಲ್ಲಿ ಇಳಿಸ್ತೀನಿ ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಸಮತಾ ಗುಡ್ಡದ ಕಡೆ ನೋಡಿದಳು. ಬಿಸಿಲು ನೆತ್ತಿಗೇರುತ್ತಿತ್ತು. ಸಣ್ಣಮ್ಮ ನೆಲದ ಮೇಲಿನ ಪಟ್ಟಿಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ಹಾಕುತ್ತಿದ್ದಳು.

"ನೀವು ಹೊರಡಿ ಯೋಗರಾಜ್. ನಾನು ಬಸ್ಸಲ್ಲಿ ಬರ್ತೀನಿ."

ಗುಡ್ಡ ಬೆಳಿಗ್ಗೆಗಿಂತ ಎತ್ತರವಾದಂತಿತ್ತು. ಮುಂದೆ ಯಾರೂ ಇರಲಿಲ್ಲ, ಹಿಂದೆಯೂ ಇರಲಿಲ್ಲ. ತಾನೇ ಗುರುತುಗಳನ್ನೆಲ್ಲ ಬಿಚ್ಚಿಹಾಕಿದ ದಾರಿಯಲ್ಲಿ ಸಮತಾ ಎರಡು ಕಡೆ ತಪ್ಪಿ ಹಿಂದಿರುಗಿದಳು. ಷಡಕ್ಷರಪ್ಪನವರು ನಿಂತಿದ್ದ ಕಡೆಯಲ್ಲೆಲ್ಲ ಅವಳೂ ನಿಂತಳು, ಅವರು ನೋಡಿದ ಬಯಲನ್ನೇ ನೋಡಿದಳು. ದೂರದಲ್ಲಿ ಶಿವಮೊಗ್ಗ ಬಿಸಿಲಿಗೆ ಮಸುಕಾಗಿತ್ತು. ಮುಷ್ಟಿಯೊಳಗೆ ಅರಿಶಿನದ ಕೊಂಬು ಬೆವರಿಗೆ ನೆನೆದು ಬಣ್ಣ ಬಿಡುತ್ತಿತ್ತು.

ನೆತ್ತಿಯಲ್ಲಿ ಶೂ ಕಳಚಿ ಬರಿಗಾಲಲ್ಲಿ ಮರದ ಬುಡಕ್ಕೆ ಹೋದಳು. ನೆಲ ಕಾದಿತ್ತು. ಬೆಳಿಗ್ಗೆ ಬಿಚ್ಚಿದ ಎತ್ತರದ ಕೊಂಬೆಗೆ ಕೈಚಾಚಿದವಳು, ಹಾಗೇ ನಿಂತಳು. ಗಾಳಿಗೆ ಹೋಗದಿರಲೆಂದು ಸಣ್ಣಮ್ಮ ಜೀವ ಹಿಡಿದು ಬಿಗಿದ ಗಂಟು ಅದು. ಬಿಚ್ಚಲು ಇವಳಿಗೆ ಎರಡು ಕೈ ಬೇಕಾಯಿತು, ಸಾಲದೆ ಹಲ್ಲು ಬೇಕಾಯಿತು.

ಸಮತಾ ಕೊಂಬೆ ಬಿಟ್ಟು ಕೆಳಗೆ ನೋಡಿದಳು. ಅಮ್ಮನ ಕಲ್ಲಿನ ಪಕ್ಕಕ್ಕೆ ಬಾಗಿದ್ದ ಒಂದು ಗಟ್ಟಿ ಟೊಂಗೆ, ಕೋಲೂರಿ ನಿಂತ ಗಂಡಸಿನ ಎದೆಯ ಮಟ್ಟಕ್ಕಿತ್ತು. ಬಟ್ಟೆಯನ್ನು ಅದಕ್ಕೆ ಸುತ್ತಿ, ದಿನಾ ಬೆಳಿಗ್ಗೆ ಓಟಕ್ಕೆ ಮುಂಚೆ ಶೂ ದಾರ ಕಟ್ಟುವಂತೆ ಎರಡು ಕುಣಿಕೆ ಹಾಕಿ ಬಿಗಿದಳು. ಆಮೇಲೆ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯಿಂದ ಅರಿಶಿನದ ತುದಿಯನ್ನು ಹಿಡಿದು ಎಳೆದು ನೋಡಿದಳು. ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಮತ್ತೆ ಹಾಗೆಯೇ ಕಟ್ಟಿದಳು. ಗಾಳಿ ಬೀಸಿತು. ಬಟ್ಟೆ ಅಲುಗಿತು, ಗಂಟು ಅಲುಗಲಿಲ್ಲ. ಅಮ್ಮನ ಮುಂದೆ ಹಣೆಯೂರಿದಾಗ ಕೇಳಿಕೊಳ್ಳಲು ತನ್ನದೆಂಬುದು ಏನೂ ನೆನಪಾಗಲಿಲ್ಲ.

ಸಣ್ಣಮ್ಮನ ಮನೆಯ ಜಗಲಿಯಲ್ಲಿ ಪುಟ್ಟಪ್ಪ ಕೂತಿದ್ದ. ಕೋಲು ಗೋಡೆಗೆ ಒರಗಿತ್ತು. ಸಮತಾ ಅಂಗಳಕ್ಕೆ ಬಂದದ್ದನ್ನು ಕಂಡು ಸಣ್ಣಮ್ಮ ಬಾಗಿಲಿಗೆ ಬಂದಳು. ಗುಡ್ಡದಿಂದ ಇಳಿದುಬಂದವಳೆಂದು ಶೂಗಳ ಕೆಂಧೂಳು ನೋಡಿಯೇ ತಿಳಿದಿರಬೇಕು, ಪುಟ್ಟಪ್ಪ ಇವಳತ್ತ ಮುಖ ತಿರುಗಿಸಿದ. ಮಾತು ತುಸು ತೊದಲುತ್ತಿತ್ತು.

"ಅಮ್ಮನ ಮರದ ಹತ್ರ ಹೋಗಿದ್ರಾ? ಐತಾ?"

"ಐತೆ ಅಣ್ಣಾ," ಎಂದಳು ಸಮತಾ. "ಕೈಗೆ ಸಿಗೋ ಹಾಗೈತೆ."

ಅವನು ಗುಡ್ಡದ ಕಡೆ ನೋಡಿದ. ಆಮೇಲೆ ಎಡಗೈ ಚಾಚಿ ಕೋಲು ತೆಗೆದುಕೊಂಡು, ಅದರ ಮೇಲೆ ಭಾರ ಹಾಕಿ ಎದ್ದು ಅಂಗಳಕ್ಕಿಳಿದ. ಸಣ್ಣಮ್ಮ ತಂದುಕೊಟ್ಟ ಮಜ್ಜಿಗೆಯನ್ನು ಸಮತಾ ನಿಂತೇ ಕುಡಿದಳು. ಬಸ್ಸಿಗೆ ಹೊತ್ತಾಗಿತ್ತು. ಅಂಗಳದಿಂದ ರಸ್ತೆಗೆ ಎರಡು ಬೇಲಿಗಳ ನಡುವೆ ಒಬ್ಬರು ನಡೆಯುವಷ್ಟೇ ಅಗಲದ ಓಣಿ. ಬೇಲಿಯ ಹತ್ತಿರ ತಿರುಗಬೇಕಿದ್ದ ಪುಟ್ಟಪ್ಪ ಅಂದು ತಿರುಗದೆ, ಆ ಓಣಿಯೊಳಕ್ಕೆ ಕೋಲು ಊರಿದ್ದ.

ಮೂರು ಹೆಜ್ಜೆ ಇಟ್ಟು ಅವನು ನಿಂತ. ಅವನ ಹಿಂದೆ ಸಮತಾಳೂ ನಿಂತಳು. ಅವನು ಕೋಲು ಎತ್ತಿ ಮುಂದಿಟ್ಟ ಮೇಲೆ, ತಾನೂ ಒಂದು ಹೆಜ್ಜೆ ಎತ್ತಿಟ್ಟಳು.