ಏಳನೆಯ ಕೋಣೆಯ ಬಾಗಿಲು

"ಪತ್ರ ಬೇಕಂತೆ, ಪತ್ರ! ಮುಕುಳಿ ಒರೆಸ್ಕೊಳ್ಳೋಕಾ, ಮುದುಕಾ?"

ಮನೆಯೊಡೆಯ ಪೆಟಿಗ್ರೂ ಮಹಡಿಯ ಮೆಟ್ಟಿಲ ತುದಿಯಲ್ಲಿ ನಿಂತು ಹೀಗೆ ಕೇಳಿದಾಗ, ಅಂಬ್ರೋಸ್ ಕೀಪರ್ ಕೆಳಗಿನ ಮೆಟ್ಟಿಲಲ್ಲಿ ಟೋಪಿಯನ್ನು ಎದೆಗೊತ್ತಿಕೊಂಡು ನಿಂತಿದ್ದ. ಈ ನೆಲದ ಮೂಲನಿವಾಸಿಗಳಾದ ಕ್ರೀ ಕುಲದ ಆ ಮುದುಕನನ್ನು ನಾವೆಲ್ಲ ಮುಶುಮ್, ಅಂದರೆ ತಾತ, ಎಂದೇ ಕರೆಯುತ್ತಿದ್ದೆವು. ನಾನು ಮೆಟ್ಟಿಲು ಒರೆಸುತ್ತಿದ್ದೆ. ಆ ಮನೆಯ ಮೆಟ್ಟಿಲು ಒರೆಸುವ ಬಿಟ್ಟಿ ಕೆಲಸ ಅಲ್ಲೇ ಬಾಡಿಗೆಗಿದ್ದ ನನ್ನ ಪಾಲಿಗೆ ಬಂದಿತ್ತು.

"ಒಂದೇ ಒಂದು ಸಾಲು ಸಾಕು ಸ್ವಾಮಿ. ಈ ಮುದ್ಕ ಏಳನೇ ರೂಮಿನಾಗೆ ಅವ್ನೆ ಅಂತ. ನೀವು ನೆಲಮಾಳಿಗೆ ಗುಡಿಸ್ದಾಗ ನನ್ನ ಚೀಲ ಕಸಕ್ಕೋಯ್ತಲ್ಲ, ಕಾರ್ಡೆಲ್ಲ ಅದ್ರಾಗಿದ್ವು. ಇವತ್ತು ಓಟು."

"ಬರಕೊಡ್ತೀನಿ. ನಾಳೆ ನಗರಸಭೆಯೋರು ಬಂದು, ನಾಕು ರೂಮಿನ ಲೈಸೆನ್ಸಲ್ಲಿ ಹನ್ನೊಂದು ರೂಮು ಹೆಂಗಾಯ್ತು ಅಂತ ಕೇಳ್ಲಿ, ಅಲ್ವಾ? ಏಳನೇ ರೂಮೇ ಇಲ್ಲ ಕಣೋ ಇಲ್ಲಿ. ನೀನೂ ಇಲ್ಲ."

ಕೆಳಗಿಳಿದು ಬಂದವನು ನನ್ನ ಬಕೆಟ್ಟನ್ನು ಬೂಟಿನಿಂದ ಸರಿಸಿ ಹೊರನಡೆದ. ಅವನ ಕೋಟಿಗೆ ಆಗಲೇ ಮತಗಟ್ಟೆಯ ಬಿಲ್ಲೆ ಸಿಕ್ಕಿಸಿತ್ತು. ಯಾವ ಅಭ್ಯರ್ಥಿಯ ಹಲಗೆಯನ್ನು ನಮ್ಮನ್ನು ಕೇಳದೆ ನಮ್ಮ ಬೇಲಿಗೆ ಹೊಡೆದಿದ್ದನೋ, ಅದೇ ಅಭ್ಯರ್ಥಿಯ ಪರವಾಗಿ ಅವನು ಅಂದು ಮತಗಟ್ಟೆಯಲ್ಲಿ ಕೂರುವವನಿದ್ದ.

ಅಡುಗೆಮನೆಯಲ್ಲಿ ಟ್ರೀನಾ ಬೊಲೋನಿ ಮಾಂಸದ ಬಿಲ್ಲೆಗಳನ್ನು ಕರಿಯುತ್ತಿದ್ದಳು. ಸರ್ಕಾರದ ಸಾಕುಮನೆಗಳಲ್ಲಿ ಕೈಯಿಂದ ಕೈಗೆ ದಾಟಿ ಬೆಳೆದ ಹುಡುಗಿ. ಓಟಿನ ವಯಸ್ಸು ಬಂದ ಮೇಲೆ ಇದೇ ಮೊದಲ ಚುನಾವಣೆ. ಅವಳ ಬಳಿಯೂ ವಿಳಾಸದ ಕಾಗದವಿರಲಿಲ್ಲ. ಆ ಮನೆಯಲ್ಲಿ ವಿಳಾಸವಿದ್ದ ಡ್ರೈವಿಂಗ್ ಲೈಸೆನ್ಸ್ ಇದ್ದದ್ದು ನನ್ನೊಬ್ಬಳ ಹತ್ತಿರ. ಕಾಗದವಿಲ್ಲದವನಿಗಾಗಿ ಅದೇ ಮತಗಟ್ಟೆಯ ಮತದಾರನೊಬ್ಬ, ಇವನನ್ನು ನಾನು ಬಲ್ಲೆ, ಇವನು ಇಲ್ಲಿಯವನೇ ಎಂದು ಆಣೆ ಮಾಡಬಹುದೆಂಬುದು ನಮ್ಮ ದೇಶದ ಕಾನೂನು. ಆದರೆ ಒಬ್ಬರು ಒಬ್ಬರಿಗೆ ಮಾತ್ರ; ಆಣೆಯ ಮೇಲೆ ಬಂದವರು ಮತ್ತೊಬ್ಬರಿಗೆ ಆಣೆ ಮಾಡುವಂತಿಲ್ಲ.

"ನಿಂಗೇ ಆಣೆ ಮಾಡ್ತೀನಿ ಮುಶುಮ್," ಎಂದೆ.

"ಬ್ಯಾಡ. ಟ್ರೀನಾಗೆ ಮಾಡವ್ವ."

"ನಂಗ್ಯಾಕೆ?" ಎಂದು ಟ್ರೀನಾ ಬಾಣಲೆಯಿಂದ ಮುಖವೆತ್ತಲಿಲ್ಲ. "ಯಾವ ನಾಯಿ ಗೆದ್ರೆ ನಂಗೇನು?"

"ನಾಯಿನೇ ಗೆಲ್ಲೋದು ಕಣವ್ವ. ಯಾವ ನಾಯಿ ಅಂತ ಹೇಳಾಕಾದ್ರೂ ನೀನು ಹೋಗ್ಬೇಕು." ಮುದುಕ ಚಹಾವನ್ನು ಊದಿ ಕುಡಿದ. "ನಮ್ಮಪ್ಪಂಗೆ ಸರ್ಕಾರದ ಏಜೆಂಟ್ ಅಂದಿದ್ನಂತೆ: 'ಕುಲ ಬಿಟ್ಟುಕೊಡು, ಓಟು ಕೊಡ್ತೀವಿ' ಅಂತ. ಅಪ್ಪ ಅವನ ಮೇಜಿನ ಮ್ಯಾಲೆ ಉಗುದು ಬಂದ. ಸಾಯೋಗಂಟ ಓಟಿಲ್ಲ. ಆಮ್ಯಾಕೆ ಕಾನೂನು ಬದ್ಲಾಗಿ ನಂಗೆ ಏನೂ ಬಿಡದೇನೇ ಸಿಕ್ತು. ಅದ್ಕೇ ಒಂದು ಸಲಾನೂ ತಪ್ಪಿಸಿಲ್ಲ. ಇವತ್ತೂ ತಪ್ಪಿಸಾಕಿಲ್ಲ."

"ಹೆಂಗೆ ಹೋಗ್ತೀಯ? ಕಾಗದ ಎಲ್ಲೈತೆ?" ಎಂದೆ.

ಅವನು ಎದ್ದು ಮೆಟ್ಟಿಲೇರಿದ. ಸ್ವಲ್ಪ ಹೊತ್ತಿಗೆ ಮೇಲಿನಿಂದ ತಿರುಪು ಕೀಳುವ ಕಿರುಗುಟ್ಟುವಿಕೆ ಕೇಳಿಸಿತು. ಓಡಿಹೋಗಿ ನೋಡಿದರೆ, ಮುದುಕ ಮಂಡಿಯೂರಿ ತನ್ನ ಕೋಣೆಯ ಬಾಗಿಲಿನ ಕೀಲುಗಳನ್ನು ಬಿಚ್ಚುತ್ತಿದ್ದ.

"ಅಯ್ಯೋ, ತಲೆ ಕೆಟ್ಟಿದ್ಯಾ?"

"ವಿಳಾಸ ತೋರ್ಸು ಅಂತಾರಲ್ಲ. ತೋರಿಸ್ತೀನಿ. ಹಿಡ್ಕೋ ಆ ಕಡೆ."

ತೆಳುಹಲಗೆಯ ಬಾಗಿಲು ಅದು. ಹೊರಮೈ ಮೇಲೆ ಬಿಳಿ ಬಣ್ಣದ ಏಳು ಎಂಬ ಅಂಕೆ. ಒಂದು ಚಳಿಗಾಲ ಪೆಟಿಗ್ರೂ ಒದ್ದು ಸೀಳಿದ್ದ ಬಿರುಕಿಗೆ, ಗಾಳಿ ನುಗ್ಗದಂತೆ ಒಳಮೈಯಲ್ಲಿ ಚುನಾವಣೆಯ ಕರಪತ್ರಗಳನ್ನು ಅಂಟಿಸಿತ್ತು. ಹಿಂದಿನ ಬಾಡಿಗೆದಾರರು ಅಂಟಿಸಿದ್ದರ ಮೇಲೆ ಮುಶುಮ್ ಅಂಟಿಸಿದ್ದ, ಅದರ ಮೇಲೆ ಮತ್ತೆ ಅವನೇ. ನಮ್ಮ ಕ್ಷೇತ್ರವನ್ನು ಆಳಿದವರೂ ಆಳಲು ಹವಣಿಸಿದವರೂ ಗೋಂದಿನಲ್ಲಿ ಒಬ್ಬರ ಮೇಲೊಬ್ಬರು ಮಲಗಿ ನಗುತ್ತಿದ್ದರು.

"ಇವ ಹೊಲಿಗೆ ಕಾರ್ಖಾನೆ ಸಂಘದೋನು," ಎಂದು ಮುದುಕ ಒಂದು ಮುಖದ ಮೇಲೆ ಬೆರಳಿಟ್ಟು, ತಿರುಪಿನ ನಡುವೆ ಉಸಿರು ತೆಗೆದುಕೊಂಡ. "ಗೆದ್ದಾಗ ಬೀದೀಲಿ ಕುಣುದ್ವಿ. ಆಮ್ಯಾಕೆ ಕಾರ್ಖಾನೇನೇ ಮುಚ್ತು. ಇವ ಮಾತ್ರ ಹೊಳೆ ಆಚೆ ಮನೆ ಕಟ್ಸಿದ. ಈ ವಕೀಲಮ್ಮ ಒಳ್ಳೇವ್ಳು, ನಮ್ಮನೇಗೂ ಬಂದು ಚಾ ಕುಡುದ್ಲು. ಅಷ್ಟ್ರಾಗೆ ಕ್ಷೇತ್ರದ ನಕ್ಷೆ ಬದ್ಲಾಯ್ತು, ನಮ್ಮ ಬೀದಿ ಇನ್ಯಾರದೋ ಪಾಲಾಯ್ತು. ಇವ ಹೆಣದ ಪೆಟ್ಟಿಗೆ ಮಾರೋನು. ನಿಂತಷ್ಟು ಸಲಾನೂ ಸೋತ, ಪಾಪ."

"ಪಾಪ ಯಾಕೆ? ನಾವು ಸಾಯೋದ್ರಾಗೆ ಅವ್ನೇ ಗೆಲ್ತಾನಲ್ಲ," ಎಂದಳು ಟ್ರೀನಾ. ಅವಳೂ ಮೇಲೆ ಬಂದಿದ್ದಳು.

ಮುದುಕ ನಕ್ಕ. ಆ ನಗೆ ಕೆಮ್ಮಾಗಿ, ಕೆಮ್ಮು ತೀರುವವರೆಗೆ ನಾವಿಬ್ಬರೂ ಬಾಗಿಲನ್ನು ಹಿಡಿದು ನಿಂತೆವು.

ಬೀದಿಗಿಳಿದಾಗ ವರ್ಷದ ಮೊದಲ ಹಿಮ ಹಿಟ್ಟಿನಂತೆ ಹಾರುತ್ತಿತ್ತು. ಮುದುಕ ಯಾರಿಗೂ ಹೊರಲು ಕೊಡಲಿಲ್ಲ. ಬಾಗಿಲನ್ನು ಬೆನ್ನಿಗೇರಿಸಿ, ಸೆಲ್ಕರ್ಕ್ ಬೀದಿಯುದ್ದಕ್ಕೂ ನಿಂತು ನಿಂತು ನಡೆದ. ಗಾಳಿ ಹಲಗೆಗೆ ಬಡಿದಾಗಲೆಲ್ಲ ಅವನು ಪಕ್ಕಕ್ಕೆ ವಾಲುತ್ತಿದ್ದ. ನಾವು ಹಿಂದಿನಿಂದ ಒತ್ತಿ ನೇರ ಮಾಡುತ್ತಿದ್ದೆವು. ಕಾರಿನಲ್ಲಿದ್ದವನೊಬ್ಬ ಗಾಜಿಳಿಸಿ, "ಎಲ್ಲಿ ಕದ್ದೆಯೋ, ಕುಡುಕ?" ಎಂದು ಕೂಗಿ ಹೋದ. ಮುಶುಮ್ ತಲೆಯೆತ್ತಲಿಲ್ಲ. ಅಂಥ ಮಾತಿಗೆ ತಲೆಯೆತ್ತುವುದನ್ನು ಅವನು ಎಂದೋ ಬಿಟ್ಟಿದ್ದ.

ಶಾಲೆಯೊಳಗಿನ ಆಟದ ಕೋಣೆಯಲ್ಲಿ ಮತಗಟ್ಟೆ. ಮೊದಲು ನಾನು ಟ್ರೀನಾಳಿಗಾಗಿ ಆಣೆ ಮಾಡಿದೆ. ಅವಳು ಚೀಟಿ ಹಿಡಿದು ಮರೆಯ ಹಿಂದೆ ಹೋದಳು. ಆಮೇಲೆ ಮುಶುಮ್ ಬಾಗಿಲನ್ನು ಮೇಜಿನ ಮುಂದೆ ನಿಲ್ಲಿಸಿದ.

ಅಧಿಕಾರಿಣಿ ಎಳೆಯ ಪ್ರಾಯದವಳು. ದನಿ ತುಂಬ ಮೃದು. "ತಾತ, ದಯವಿಟ್ಟು ಅದನ್ನ ಹೊರಗಿಡಿ. ಅಭ್ಯರ್ಥಿಗಳ ಮುಖ ಕಾಣ್ತಿದೆ. ಪ್ರಚಾರದ ವಸ್ತು ಒಳಗೆ ತರೋ ಹಾಗಿಲ್ಲ."

ಅವನು ಬಾಗಿಲನ್ನು ತಿರುಗಿಸಿದ. ಮುಖಗಳೆಲ್ಲ ಅವನ ಕಡೆಗೆ ಹೊರಳಿದವು, ಅಂಕೆ ಅವಳೆದುರಾಯಿತು.

"ಏಳನೇ ರೂಮು. ನಾನಿರೋದು ಇಲ್ಲಿ."

"ಬಾಗಿಲು ದಾಖಲೆ ಆಗಲ್ಲ ತಾತ."

"ಕಾಗದ ಸುಳ್ಳು ಹೇಳ್ತದೆ ಕಣವ್ವ. ಬಾಗ್ಲು ಹೇಳಾಕಿಲ್ಲ."

ಆಗ ಅವಳ ಹಿಂದೆ ಕುರ್ಚಿಯೊಂದು ಉರುಳಿದ ಸದ್ದಾಯಿತು.

"ಅದು ನನ್ನ ಮನೆ ಬಾಗ್ಲು! ಬೋಳಿಮಗನೇ, ನನ್ನ ಬಾಗ್ಲು ಕಿತ್ಕೊಂಡು ಬಂದಿದ್ಯಾ?" ಪೆಟಿಗ್ರೂ ಎದ್ದು ನಿಂತಿದ್ದ. ಬಿಲ್ಲೆ ಅವನ ಎದೆಯ ಮೇಲೆ ಏರಿಳಿಯುತ್ತಿತ್ತು.

ಸಾಲಿನಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು. ಅಧಿಕಾರಿಣಿಯೂ ತಿರುಗಿದಳು.

"ಹಾಗಾದ್ರೆ ಇವರು ನಿಮ್ಮ ಮನೇಲಿ ಇರೋದು ನಿಜ. ಒಂದು ಸಾಲು ಬರೆದು ಸಹಿ ಮಾಡ್ತೀರಾ, ಸರ್?"

ಪೆಟಿಗ್ರೂವಿನ ಕಣ್ಣು ಬಾಗಿಲಿನ ಅಂಕೆಯ ಮೇಲೆ ಹೋಯಿತು, ಅಲ್ಲಿಂದ ಅವಳ ಲೇಖನಿಗೆ ಬಂತು. ಉರುಳಿದ ಕುರ್ಚಿಯನ್ನು ತಾನೇ ಎತ್ತಿ, ಅದರಲ್ಲಿ ಕೂತು, "ಅವನ್ಯಾರೋ ನಂಗೊತ್ತಿಲ್ಲ," ಎಂದ.

"ಕ್ಷಮಿಸಿ ತಾತ," ಎಂದಳು ಅವಳು. "ಮುಂದಿನವರು."

ಮುಂದಿನವರು ಬರಲು ದಾರಿಯಿರಲಿಲ್ಲ. ಮುಶುಮ್ ಬಾಗಿಲಿನ ಹಿಂದೆ ಹೋಗಿ ನಿಂತಿದ್ದ. ಹಲಗೆಯ ಅಂಚುಗಳನ್ನು ಹಿಡಿದ ಬೆರಳುಗಳು ಮಾತ್ರ ನಮಗೆ ಕಾಣುತ್ತಿದ್ದವು. ಒಳಗಿನಿಂದ ಅವನ ದನಿ ದಣಿದು ಬಂತು:

"ತಟ್ಟಿ ನೋಡವ್ವ. ಇದ್ದೀನೋ ಇಲ್ವೋ, ನಾನೇ ಹೇಳ್ತೀನಿ."

ಟ್ರೀನಾ ಮರೆಯಿಂದ ಹೊರಬಂದು, ಮಡಿಸಿದ ಚೀಟಿಯನ್ನು ಪೆಟ್ಟಿಗೆಗೆ ಹಾಕಿ, ಬಾಗಿಲ ಹಿಂದೆ ಹೋಗಿ ಅವನ ಪಕ್ಕ ನಿಂತಳು. ಈಗ ಹಲಗೆಯ ಅಂಚಿನಲ್ಲಿ ಅವಳ ಬೆರಳುಗಳೂ ಕಂಡವು. ಅಧಿಕಾರಿಣಿಯ ಕೈ ಮೇಜಿನಿಂದ ಸ್ವಲ್ಪ ಎದ್ದು, ಗಾಳಿಯಲ್ಲೇ ನಿಂತಿತು. ಸಾಲಿನಲ್ಲಿ ಯಾರೂ ಕದಲಲಿಲ್ಲ. ಯಾರೂ ತಟ್ಟಲೂ ಇಲ್ಲ.